ಎಲ್ಲರ ಹೆಸರಿಗೂ ಬರುವ ಬೇರಿಂಗ್ ಕಾಗದ

ಅಂಚೆಚೀಟಿ ಹಚ್ಚದೆ ಪೆಟ್ಟಿಗೆಗೆ ಹಾಕಿದ ಕಾಗದಕ್ಕೆ ಜನರ ಬಾಯಲ್ಲಿ ‘ಬೇರಿಂಗ್ ಕಾಗದ’ವೆಂದು ಹೆಸರು. ಬರೆದವನು ಕಾಸು ಬಿಚ್ಚುವುದಿಲ್ಲ. ಪಡೆಯುವವನು ಇಮ್ಮಡಿ ದರ ತೆತ್ತು ಬಿಡಿಸಿಕೊಳ್ಳಬೇಕು. ಆದರೂ ಆ ಕಾಲದ ಗೃಹಸ್ಥನಿಗೆ ಒಂದು ಸ್ವಾತಂತ್ರ್ಯವಿತ್ತು. ಹೊರಬದಿಯ ಅಕ್ಷರ ನೋಡಿ, ಬೇಡವೆನಿಸಿದರೆ, “ಇದು ನನಗೆ ಬೇಡಪ್ಪ, ಹಿಂದಕ್ಕೆ ಕಳಿಸಿಬಿಡು” ಎಂದು ಅಂಚೆಯವನಿಗೆ ಹೇಳಿ ಬಾಗಿಲು ಹಾಕಿಕೊಳ್ಳಬಹುದಾಗಿತ್ತು.

ಇಂದು ಜಗತ್ತಿನ ಕೋಟ್ಯಂತರ ಜನರ ಮನೆಬಾಗಿಲಿಗೆ ಹಗಲಿರುಳೆನ್ನದೆ ಬೇರಿಂಗ್ ಕಾಗದಗಳು ಬಂದು ಬೀಳುತ್ತಿವೆ. ಅವನ್ನು ಹಿಂದಕ್ಕೆ ಕಳಿಸೋಣವೆಂದರೆ ಎದುರಿಗೆ ಅಂಚೆಯವನೇ ಇಲ್ಲ! ಕಾಣದ ದೇಶದ ಕಾಣದ ಧನಿಕ ತನ್ನ ಆಸ್ತಿಯನ್ನು ಬಿಟ್ಟುಕೊಡಲು ಸಿದ್ಧನಾಗಿದ್ದಾನೆ. ಕೊಳ್ಳದ ಲಾಟರಿಗೆ ಬಹುಮಾನ ಬಂದಿದೆ. ಬೋಳುತಲೆಗೆ ಮದ್ದು, ಬೊಜ್ಜಿಗೆ ಮದ್ದು, ಸಾಲಕ್ಕೆ ಸಾಲ. ಇದಕ್ಕೆಲ್ಲ ಇಂಗ್ಲಿಷಿನವರು ಇಟ್ಟಿರುವ ಹೆಸರು ‘ಸ್ಪ್ಯಾಮ್’. ಈಮೇಲ್ ಬಳಸುವ ವಾಚಕರಲ್ಲಿ ಇದರ ಪರಿಚಯವಿಲ್ಲದವರು ವಿರಳ. ಭದ್ರತಾ ಸಂಸ್ಥೆಗಳ ಅಂದಾಜಿನಂತೆ ಜಗತ್ತಿನ ಈಮೇಲ್‌ನಲ್ಲಿ ಸರಿಸುಮಾರು ಅರ್ಧಭಾಗ ಇಂಥದೇ.

ಈ ಉಪದ್ರವ ಎಲ್ಲಿಂದ ಹುಟ್ಟಿತು? ಇದನ್ನು ಕಳಿಸುವವರಿಗೆ ಲಾಭವೇನು? ಇದರ ಬೆಲೆಯನ್ನು ತೆರುತ್ತಿರುವವರು ಯಾರು?

ಮೊದಲ ಓಲೆ

೧೯೭೮ನೆಯ ಇಸವಿ ಮೇ ತಿಂಗಳ ೩ನೆಯ ತಾರೀಖು. ಇಂದಿನ ಇಂಟರ್ನೆಟ್ಟಿನ ಪೂರ್ವಜನೆನ್ನಬಹುದಾದ ‘ಆರ್ಪಾನೆಟ್’ ಆಗ ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ನಡೆಯುತ್ತಿತ್ತು. ವಿದ್ವಾಂಸರು, ಸಂಶೋಧಕರು, ಸೈನ್ಯಕ್ಕೆ ಸಂಬಂಧಿಸಿದವರು ಮಾತ್ರ ಅದರಲ್ಲಿದ್ದರು. ಅವರೆಲ್ಲರ ವಿಳಾಸಗಳು ಒಂದು ಅಚ್ಚಾದ ಪುಸ್ತಕದಲ್ಲಿ ಅಡಗುವಷ್ಟು ಸಣ್ಣ ಜಗತ್ತು ಅದು.

ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ತಯಾರಿಕಾ ಸಂಸ್ಥೆಯ ಗ್ಯಾರಿ ಥರ್ಕ್ ಎಂಬ ಮಾರಾಟಗಾರನಿಗೆ ಒಂದು ಯೋಚನೆ ಹೊಳೆಯಿತು. ತನ್ನ ಸಂಸ್ಥೆಯ ಹೊಸ ಯಂತ್ರಗಳ ಪ್ರದರ್ಶನ ಕ್ಯಾಲಿಫೋರ್ನಿಯದಲ್ಲಿ ನಡೆಯಲಿದೆ. ಅಮೆರಿಕದ ಪಶ್ಚಿಮ ತೀರದಲ್ಲಿರುವ ಆರ್ಪಾನೆಟ್ ಬಳಕೆದಾರರಿಗೆ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಬರೆಯುವ ಬದಲು ಎಲ್ಲರಿಗೂ ಒಂದೇ ಓಲೆ ಕಳಿಸಿದರೆ ಹೇಗೆ? ಸುಮಾರು ೪೦೦ ವಿಳಾಸಗಳನ್ನು ಬೆರಳಚ್ಚು ಮಾಡಿಸಿದ. ಅಷ್ಟು ವಿಳಾಸಗಳನ್ನು ತಾಳಿಕೊಳ್ಳುವ ಶಕ್ತಿ ಅಂದಿನ ಯಂತ್ರಕ್ಕಿರಲಿಲ್ಲ. ತಲೆಬರಹದಲ್ಲಿ ಹಿಡಿಸದೆ ಮಿಕ್ಕ ವಿಳಾಸಗಳು ಓಲೆಯ ಒಡಲಿಗೇ ಚೆಲ್ಲಿಹೋದುವು!

ಸ್ವೀಕರಿಸಿದವರಲ್ಲಿ ಅನೇಕರು ಕೆರಳಿದರು. ಸೈನ್ಯದ ಅಧಿಕಾರಿಗಳಿಂದ ಎಚ್ಚರಿಕೆಯೂ ಬಂತು. ಆದರೆ ಆ ಒಂದು ಓಲೆಯಿಂದ ತನ್ನ ಸಂಸ್ಥೆಗೆ ಕೋಟಿ ಡಾಲರಿಗೂ ಮೀರಿದ ವ್ಯಾಪಾರವಾಯಿತೆಂದು ಥರ್ಕ್ ಮುಂದೆ ಹೇಳಿಕೊಂಡ. ಬೈಗುಳ ಒಂದು ಕಡೆ, ಲಾಭ ಇನ್ನೊಂದು ಕಡೆ. ಆ ಮೇಲಿನ ಕಥೆಯೆಲ್ಲ ಈ ಎರಡರ ತಕ್ಕಡಿಯಲ್ಲೇ ತೂಗಾಡಿತು.

ಈ ಅಪಾಯವನ್ನು ಯಾರೂ ಮುಂಗಾಣಲಿಲ್ಲವೆನ್ನುವಂತಿಲ್ಲ. ಇಂಟರ್ನೆಟ್ಟಿನ ಶಿಲ್ಪಿಗಳಲ್ಲೊಬ್ಬನಾದ ಜಾನ್ ಪೋಸ್ಟೆಲ್, ೧೯೭೫ರಷ್ಟು ಹಿಂದೆಯೇ, ಬೇಡದ ಓಲೆಯನ್ನು ನಿರಾಕರಿಸುವ ಉಪಾಯ ಈ ಜಾಲದಲ್ಲಿಲ್ಲವೆಂದು ಒಂದು ಟಿಪ್ಪಣಿ ಬರೆದಿದ್ದ. ಆದರೆ ಒಬ್ಬರನ್ನೊಬ್ಬರು ಬಲ್ಲ ಸಜ್ಜನರ ಕೂಟದಲ್ಲಿ ಬಾಗಿಲಿಗೆ ಚಿಲಕವೇಕೆ ಎಂಬುದು ಅಂದಿನವರ ಭಾವನೆಯಾಗಿತ್ತು. ‘ಇಂಥವರಿಂದ’ ಎಂದು ಓಲೆಯ ಮೇಲೆ ಏನು ಬರೆದರೂ ಅದನ್ನು ನಂಬಿ ಸಾಗಿಸುವ ಪದ್ಧತಿ ಹೀಗೆ ರೂಢಿಗೆ ಬಂತು.

ಡಬ್ಬಿಯ ಮಾಂಸಕ್ಕೂ ಓಲೆಗೂ ನಂಟು

‘ಸ್ಪ್ಯಾಮ್’ ಎಂಬ ಹೆಸರಿನ ಕಥೆಯೂ ಸ್ವಾರಸ್ಯವಾದುದು. ಅದು ಅಮೆರಿಕದ ಹಾರ್ಮೆಲ್ ಕಂಪನಿ ೧೯೩೭ರಲ್ಲಿ ಮಾರುಕಟ್ಟೆಗೆ ತಂದ ಡಬ್ಬಿ ಮಾಂಸದ ಹೆಸರು. ಯುದ್ಧಕಾಲದ ಇಂಗ್ಲೆಂಡಿನಲ್ಲಿ ಬೇರೆ ಮಾಂಸಕ್ಕೆ ಅಭಾವವಿದ್ದಾಗ ಎಲ್ಲಿ ನೋಡಿದರೂ ಅದೇ. ೧೯೭೦ರಲ್ಲಿ ‘ಮಾಂಟಿ ಪೈಥನ್’ ಎಂಬ ಬ್ರಿಟಿಷ್ ಹಾಸ್ಯ ತಂಡದವರು ದೂರದರ್ಶನದಲ್ಲಿ ಇದನ್ನೇ ವಸ್ತುವಾಗಿಟ್ಟುಕೊಂಡು ಒಂದು ಪ್ರಹಸನ ಆಡಿ ತೋರಿಸಿದರು. ಆ ಹೋಟೆಲಿನಲ್ಲಿ ಯಾವ ತಿಂಡಿ ಕೇಳಿದರೂ ಅದರಲ್ಲಿ ಸ್ಪ್ಯಾಮ್ ಇದ್ದೇ ಇರುತ್ತದೆ. ಪಕ್ಕದ ಮೇಜಿನವರು ಆ ಹೆಸರನ್ನೇ ಹಾಡಿ ಹಾಡಿ, ಉಳಿದವರ ಮಾತು ಕೇಳದಂತೆ ಮಾಡಿಬಿಡುತ್ತಾರೆ. ಬೇಡವೆಂದರೂ ಬಿಡದೆ, ಮಾತನ್ನೆಲ್ಲ ಮುಳುಗಿಸಿಬಿಡುವ ಓಲೆಗಳಿಗೆ ಗಣಕಲೋಕದ ತರುಣರು ಮುಂದೆ ಆ ಹೆಸರನ್ನೇ ಇಟ್ಟರು.

ಆ ಹೆಸರು ಮನೆಮಾತಾದದ್ದು ೧೯೯೪ರಲ್ಲಿ. ಅಮೆರಿಕದ ಅರಿಜೋನ ರಾಜ್ಯದಲ್ಲಿ ವಕೀಲ ವೃತ್ತಿ ನಡೆಸುತ್ತಿದ್ದ ಲಾರೆನ್ಸ್ ಕ್ಯಾಂಟರ್ ಮತ್ತು ಮಾರ್ತಾ ಸೀಗಲ್ ಎಂಬ ದಂಪತಿಗಳು ಆ ವರ್ಷ ಏಪ್ರಿಲ್‌ನಲ್ಲಿ ‘ಯೂಸ್‌ನೆಟ್’ ಎಂಬ ಚರ್ಚಾಜಾಲದ ಐದು ಸಾವಿರಕ್ಕೂ ಹೆಚ್ಚು ಕೂಟಗಳಲ್ಲಿ ಒಂದೇ ಜಾಹೀರಾತು ಹಾಕಿದರು. ವಿದೇಶೀಯರಿಗೆ ಅಮೆರಿಕದಲ್ಲಿ ನೆಲೆಸಲು ಅನುಮತಿ ಕೊಡುವ ‘ಗ್ರೀನ್ ಕಾರ್ಡ್’ ಲಾಟರಿಗೆ ತಾವು ಅರ್ಜಿ ಸಲ್ಲಿಸಿಕೊಡುವೆವೆಂಬುದು ಅದರ ಸಾರಾಂಶ. ಪ್ರತಿಭಟನೆಯ ಓಲೆಗಳ ಪ್ರವಾಹಕ್ಕೆ ಸಿಕ್ಕಿ ಅವರಿಗೆ ಸಂಪರ್ಕ ಒದಗಿಸಿದ್ದ ಕಂಪನಿಯ ಯಂತ್ರಗಳೇ ಕುಸಿದುಬಿದ್ದುವು. ದಂಪತಿಗಳು ಮಾತ್ರ ಎಳ್ಳಷ್ಟೂ ಪಶ್ಚಾತ್ತಾಪಪಡದೆ, ಜಾಲದಲ್ಲಿ ಹಣ ಗಳಿಸುವ ಬಗೆಯ ಮೇಲೆ ಒಂದು ಪುಸ್ತಕವನ್ನೇ ಬರೆದರು! ೧೯೯೭ರಲ್ಲಿ ಟೆನೆಸಿ ರಾಜ್ಯದಲ್ಲಿ ಕ್ಯಾಂಟರ್‌ನ ವಕೀಲಿ ಸನ್ನದು ರದ್ದಾಯಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಈ ಜಾಹೀರಾತೂ ಒಂದು.

ಒಂದೂಕಾಲು ಕೋಟಿಗೊಬ್ಬ ಗಿರಾಕಿ

“ಇಂಥ ಓಲೆಗಳನ್ನು ಯಾರು ತಾನೆ ನಂಬುತ್ತಾರೆ? ಮತ್ತೇಕೆ ಕಳಿಸುತ್ತಾರೆ?” ಎಂದು ಕೇಳದವರಿಲ್ಲ. ಈ ಪ್ರಶ್ನೆಗೆ ಕ್ಯಾಲಿಫೋರ್ನಿಯದ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೦೮ರಲ್ಲಿ ಲೆಕ್ಕಸಹಿತ ಉತ್ತರ ಕೊಟ್ಟರು. ಅವರು ಸ್ಪ್ಯಾಮ್ ಹಂಚುತ್ತಿದ್ದ ‘ಸ್ಟಾರ್ಮ್’ ಎಂಬ ಯಂತ್ರವ್ಯೂಹದೊಳಗೆ ಉಪಾಯವಾಗಿ ನುಸುಳಿ, ಔಷಧಿ ಮಾರಾಟದ ಓಲೆಗಳು ತಮ್ಮದೇ ಹುಸಿ ಅಂಗಡಿಗೆ ದಾರಿ ತೋರುವಂತೆ ಮಾಡಿದರು. ಕೊಳ್ಳಲು ಬಂದವರಿಂದ ಹಣ ಪಡೆಯಲಿಲ್ಲ, ಎಣಿಸಿದರು, ಅಷ್ಟೆ.

೨೬ ದಿನಗಳಲ್ಲಿ ಹೋದ ಓಲೆಗಳು ಸುಮಾರು ೩೫ ಕೋಟಿ. ಕೊಳ್ಳಲು ಮುಂದಾದವರು ೨೮ ಮಂದಿ! ಎಂದರೆ ಸುಮಾರು ಒಂದೂಕಾಲು ಕೋಟಿ ಓಲೆಗಳಿಗೆ ಒಬ್ಬ ಗಿರಾಕಿ. ಯಾವ ಶೆಟ್ಟರ ಅಂಗಡಿಯಾದರೂ ಇಂಥ ವ್ಯಾಪಾರಕ್ಕೆ ಮೂರೇ ದಿನದಲ್ಲಿ ಬೀಗ ಬೀಳುತ್ತಿತ್ತು. ಆದರೂ ಆ ೨೮ ಮಂದಿಯ ಬೇಡಿಕೆಯ ಮೊತ್ತ ೨,೭೩೧ ಡಾಲರುಗಳಷ್ಟಾಯಿತು. ಸಂಶೋಧಕರು ನೋಡಿದ್ದು ಆ ವ್ಯೂಹದ ಒಂದು ಸಣ್ಣ ಅಂಶವನ್ನು ಮಾತ್ರ. ಇಡೀ ವ್ಯೂಹದ ಗಳಿಕೆ ದಿನಕ್ಕೆ ೭,೦೦೦ ಡಾಲರುಗಳಷ್ಟಿರಬಹುದೆಂದು ಅವರು ಅಂದಾಜು ಮಾಡಿದರು.

ಇದರ ಗುಟ್ಟು ಬೇರಿಂಗ್ ಕಾಗದದ ಗುಟ್ಟೇ. ಅಂಚೆಯ ದರ ಅರ್ಧ ಆಣೆಯಿದ್ದರೂ ೩೫ ಕೋಟಿ ಕಾಗದಕ್ಕೆ ಒಂದು ಕೋಟಿಗೂ ಮಿಕ್ಕ ರೂಪಾಯಿ ಬೇಕು. ಇಲ್ಲಿ ಕಳಿಸುವವನಿಗೆ ಹೆಚ್ಚುಕಡಿಮೆ ಖರ್ಚೇ ಇಲ್ಲ. ಓಲೆ ಹಂಚುವ ಯಂತ್ರಗಳೂ ಅವನವಲ್ಲ. ಅವು ರೋಗಾಣು ತಗಲಿದ, ಸಾಮಾನ್ಯ ಗೃಹಸ್ಥರ ಕಂಪ್ಯೂಟರುಗಳು. ಮನೆಯ ಯಜಮಾನ ಮಲಗಿ ನಿದ್ರಿಸುತ್ತಿರುವಾಗ ಅವನ ಮೇಜಿನ ಮೇಲಿನ ಯಂತ್ರ, ಅವನದೇ ವಿದ್ಯುತ್ತಿನಲ್ಲಿ, ಯಾರದೋ ಚಾಕರಿ ಮಾಡುತ್ತಿರುತ್ತದೆ.

ಅದೇ ವರ್ಷ ನವೆಂಬರ್ ೧೧ರಂದು, ಇಂಥ ವ್ಯೂಹಗಳ ಸೂತ್ರಧಾರ ಯಂತ್ರಗಳಿಗೆ ಆಶ್ರಯವಿತ್ತಿದ್ದ ಕ್ಯಾಲಿಫೋರ್ನಿಯದ ‘ಮೆಕೋಲೋ’ ಎಂಬ ಒಂದೇ ಒಂದು ಸಂಸ್ಥೆಯ ಸಂಪರ್ಕವನ್ನು ಕತ್ತರಿಸಿದಾಗ ಇಡೀ ಜಗತ್ತಿನ ಸ್ಪ್ಯಾಮ್ ಅರ್ಧಕ್ಕೂ ಕೆಳಗಿಳಿಯಿತು. ಆದರೇನು? ಕೆಲವು ತಿಂಗಳುಗಳಲ್ಲಿ ಬೇರೆ ಆಶ್ರಯಗಳು ದೊರೆತು, ಹೊಳೆ ಮತ್ತೆ ತುಂಬಿ ಹರಿಯಿತು.

ತಪ್ಪಕ್ಷರದ ಜಾಣತನ

ಮದ್ದು ಮಾರುವವರಿಗಿಂತ ಭಯಂಕರರು ಹಣ ಕೀಳುವವರು. ಸೆರೆಯಲ್ಲಿರುವ ಧನಿಕನನ್ನು ಬಿಡಿಸಲು ಸ್ವಲ್ಪ ಹಣ ಕೊಟ್ಟರೆ ಪಾಲು ದೊರೆಯುವುದೆಂಬ ‘ಸ್ಪೇನಿನ ಸೆರೆಯಾಳಿನ ಪತ್ರ’ಗಳು ೧೯ನೆಯ ಶತಮಾನದಲ್ಲಿಯೇ ಕಾಗದದ ಅಂಚೆಯಲ್ಲಿ ಸಂಚರಿಸುತ್ತಿದ್ದುವು. ಅವುಗಳ ಮೊಮ್ಮಗನೇ ನೈಜೀರಿಯದ ರಾಜಕುಮಾರನ ಓಲೆ. ಆ ದೇಶದ ದಂಡಸಂಹಿತೆಯಲ್ಲಿ ವಂಚನೆಗೆ ಸಂಬಂಧಿಸಿದ ೪೧೯ನೆಯ ಕಲಮಿನಿಂದಾಗಿ ಇದಕ್ಕೆ ‘೪೧೯’ ಎಂದೇ ಹೆಸರು ಬಂದಿದೆ.

ಈ ಓಲೆಗಳ ಭಾಷೆ ಹಾಸ್ಯಾಸ್ಪದ; ಕಾಗುಣಿತವೇ ತಪ್ಪು. ವಂಚಕ ದಡ್ಡನೆಂದು ನಗುವವರಿದ್ದಾರೆ. ಮೈಕ್ರೋಸಾಫ್ಟ್ ಸಂಶೋಧಕ ಕಾರ್ಮಾಕ್ ಹರ್ಲಿ ೨೦೧೨ರಲ್ಲಿ ಬೇರೊಂದು ಅರ್ಥ ಹೇಳಿದ. ಓಲೆ ಕಳಿಸುವುದಕ್ಕೆ ಖರ್ಚಿಲ್ಲ, ನಿಜ. ಆದರೆ ಉತ್ತರ ಬರೆದವರೊಡನೆ ವಾರಗಟ್ಟಲೆ ವ್ಯವಹರಿಸುವುದಕ್ಕೆ ಶ್ರಮವಿದೆ. ಅನುಮಾನವುಳ್ಳವನು ಅರ್ಧದಾರಿಯಲ್ಲಿ ಕೈಬಿಟ್ಟರೆ ಆ ಶ್ರಮ ವ್ಯರ್ಥ. ಆದುದರಿಂದ ಅಸಂಬದ್ಧವಾದ ಕಥೆಯೇ ಒಳ್ಳೆಯ ಜರಡಿ. ಜಾಣರು ನಕ್ಕು ಬಿಸುಡುತ್ತಾರೆ. ಉಳಿಯುವವರು ಒಂಟಿಗರು, ಸಾಲಗಾರರು, ಮುಗ್ಧರು, ವಯಸ್ಸಾದವರು. ನಗುವವರಿಗಾಗಿ ಆ ಓಲೆ ಬರೆದದ್ದೇ ಅಲ್ಲ.

ಚಾಪೆ ಮತ್ತು ರಂಗೋಲಿ

ತಡೆಯುವ ಪ್ರಯತ್ನಗಳೇನೂ ಕಡಮೆಯಲ್ಲ. ೧೭೬೧ರಲ್ಲಿ ತೀರಿಕೊಂಡ ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿಯ ಸಂಭಾವ್ಯತೆಯ ಗಣಿತ ಈ ಯುದ್ಧದಲ್ಲಿ ಆಯುಧವಾಯಿತು. ೨೦೦೨ರಲ್ಲಿ ಪಾಲ್ ಗ್ರಹಾಂ ಎಂಬ ತಂತ್ರಜ್ಞ ಅದನ್ನು ಜನಪ್ರಿಯಗೊಳಿಸಿದ. ಒಳ್ಳೆಯ ಓಲೆಗಳಲ್ಲಿ ಯಾವ ಪದಗಳು ಹೆಚ್ಚು, ಕೆಟ್ಟ ಓಲೆಗಳಲ್ಲಿ ಯಾವುವು ಹೆಚ್ಚು ಎಂದು ಎಣಿಸಿ, ಹೊಸ ಓಲೆಯ ಯೋಗ್ಯತೆಯನ್ನು ಯಂತ್ರವೇ ತೂಗಿ ನೋಡುವುದು ಇದರ ತತ್ತ್ವ. ಇವರು ಚಾಪೆಯ ಕೆಳಗೆ ತೂರಿದರೆ ಅವರು ರಂಗೋಲಿಯ ಕೆಳಗೆ ತೂರಿದರು. ಔಷಧಿಗಳ ಹೆಸರಿನಲ್ಲಿ ಅಕ್ಷರಗಳ ನಡುವೆ ಅಂಕಿಗಳನ್ನು ಸೇರಿಸಿದರು. ಬರಹವನ್ನೇ ಚಿತ್ರವಾಗಿಸಿ ಕಳಿಸಿದರು. ೨೦೦೪ರ ಜನವರಿಯಲ್ಲಿ ಬಿಲ್ ಗೇಟ್ಸ್, ಇನ್ನೆರಡು ವರ್ಷಗಳಲ್ಲಿ ಸ್ಪ್ಯಾಮ್ ಸಮಸ್ಯೆ ಬಗೆಹರಿಯುವುದೆಂದು ಭವಿಷ್ಯ ನುಡಿದರು. ಆ ಎರಡು ವರ್ಷಗಳು ಎಂದೋ ಕಳೆದುವು.

ಜರಡಿ ಬಿಗಿಯಾದಷ್ಟೂ ಇನ್ನೊಂದು ನಷ್ಟವುಂಟು. ಕೆಲಸದ ಸಂದರ್ಶನಕ್ಕೆ ಕರೆ, ದೂರದೇಶದಲ್ಲಿರುವ ಮಗಳ ಹೊಸ ವಿಳಾಸದ ಓಲೆ, ಆಸ್ಪತ್ರೆಯ ವರದಿ, ಇವೂ ಒಮ್ಮೊಮ್ಮೆ ಕಸದ ಬುಟ್ಟಿಗೆ ಬೀಳುತ್ತವೆ. ಸುಳ್ಳು ಓಲೆ ತಾನು ಬಂದು ಕಾಡುವುದಲ್ಲದೆ ನಿಜವಾದ ಓಲೆಯನ್ನೂ ನಂಬದಂತೆ ಮಾಡುತ್ತದೆ.

ಕಾನೂನಿನ ಕೈ ಎಷ್ಟು ಉದ್ದ?

ಅಮೆರಿಕ ೨೦೦೩ರಲ್ಲಿ ಸ್ಪ್ಯಾಮಿಗೆಂದೇ ಒಂದು ಶಾಸನ ಮಾಡಿತು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ ೨೦೦೮ರ ತಿದ್ದುಪಡಿಯಲ್ಲಿ ಸೇರಿದ ೬೬ಎ ಕಲಮು, ಕಿರುಕುಳ ಕೊಡುವ ಅಥವಾ ಮೂಲವನ್ನು ಮರೆಮಾಚುವ ಈಮೇಲ್ ಕಳಿಸುವುದನ್ನು ಅಪರಾಧವೆಂದಿತ್ತು. ಆದರೆ ಅದು ವಾಕ್ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು ೨೦೧೫ರ ಮಾರ್ಚ್ ೨೪ರಂದು ಇಡೀ ಕಲಮನ್ನೇ ರದ್ದುಪಡಿಸಿತು. ಅನ್ಯರ ವೇಷ ಧರಿಸಿ ಕಂಪ್ಯೂಟರಿನ ಮೂಲಕ ವಂಚಿಸುವುದು ಅದೇ ಕಾಯಿದೆಯ ೬೬ಡಿ ಕಲಮಿನಂತೆ ಈಗಲೂ ಅಪರಾಧವೇ. ದೂರವಾಣಿಯ ಜಾಹೀರಾತು ಕರೆಗಳಿಗೂ ಸಂದೇಶಗಳಿಗೂ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ನಿಯಮಗಳುಂಟು. ಬೇಡವೆನ್ನುವವರು ೧೯೦೯ ಸಂಖ್ಯೆಗೆ ತಿಳಿಸಿ ಹೆಸರು ನೋಂದಾಯಿಸಿಕೊಳ್ಳಬಹುದು.

ಹಾಗಿದ್ದೂ ಬೇರಿಂಗ್ ಕಾಗದ ಈಗ ಪೆಟ್ಟಿಗೆಯಿಂದ ಜೇಬಿಗೆ ಬಂದಿದೆ. “ಬಿಲ್ಲು ಕಟ್ಟಿಲ್ಲ, ಇಂದು ರಾತ್ರಿ ವಿದ್ಯುತ್ ಸಂಪರ್ಕ ಕಡಿಯಲಾಗುವುದು,” “ನಿಮ್ಮ ಬ್ಯಾಂಕ್ ಖಾತೆ ಸ್ತಂಭಿಸಿದೆ,” “ನಿಮ್ಮ ಪಾರ್ಸೆಲ್ ತಡೆಹಿಡಿಯಲಾಗಿದೆ.” ಮೊದಲಿನ ಓಲೆಗಳು ಆಸೆ ತೋರಿಸುತ್ತಿದ್ದುವು, ಇವು ಹೆದರಿಸುತ್ತವೆ. ಪಿಂಚಣಿಯ ಹಣವೆಲ್ಲ ಒಂದು ಮಧ್ಯಾಹ್ನದಲ್ಲಿ ಕರಗಿಹೋದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ.

ನಾಚಿಕೆ ಯಾರಿಗಿರಬೇಕು?

‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ಈ ಸಂದರ್ಭದಲ್ಲಿ ಬಹಳ ಕೆಡುಕು ಮಾಡುತ್ತಿದೆ. ಮೋಸಹೋದ ಹಿರಿಯರು ಮಕ್ಕಳ ಮುಂದೆ ತಲೆತಗ್ಗಿಸಬೇಕಾಗುವುದೆಂದು ಹೆದರಿ ಸುಮ್ಮನಿರುತ್ತಾರೆ. ವಂಚಕನಿಗೆ ಬೇಕಾದದ್ದು ಆ ಮೌನವೇ. ಹಣ ಹೋದ ಕೂಡಲೆ ೧೯೩೦ ಎಂಬ ರಾಷ್ಟ್ರೀಯ ಸಹಾಯವಾಣಿಗೂ ತಮ್ಮ ಬ್ಯಾಂಕಿಗೂ ತಿಳಿಸಿದರೆ ಅದನ್ನು ದಾರಿಯಲ್ಲೇ ತಡೆಯುವ ಅವಕಾಶವಿರುತ್ತದೆ. ನಾಚಿಕೆಯಿಂದ ಕಳೆದ ಒಂದೊಂದು ಗಂಟೆಯೂ ವಂಚಕನ ಲಾಭದ ಬಾಬ್ತು.

ಗೃಹಸ್ಥರು ಪಾಲಿಸಬೇಕಾದ ನಿಯಮಗಳು ನಾಲ್ಕೇ. ಅವಸರಪಡಿಸುವ ಯಾವ ಓಲೆಗೂ ಅವಸರದಿಂದ ಉತ್ತರಿಸಬಾರದು. ಓಲೆಯಲ್ಲಿರುವ ಕೊಂಡಿಯನ್ನಾಗಲಿ ದೂರವಾಣಿ ಸಂಖ್ಯೆಯನ್ನಾಗಲಿ ನಂಬದೆ, ಪಾಸ್‌ಪುಸ್ತಕದ ಮೇಲೆ ಅಥವಾ ಹಳೆಯ ಬಿಲ್ಲಿನ ಮೇಲೆ ಅಚ್ಚಾಗಿರುವ ಸಂಖ್ಯೆಗೆ ಕರೆಮಾಡಿ ವಿಚಾರಿಸಬೇಕು. ಗುಪ್ತಸಂಖ್ಯೆಯನ್ನು ಯಾರು ಕೇಳಿದರೂ ಹೇಳಕೂಡದು. ನಿಜವಾದ ಬ್ಯಾಂಕು ಅದನ್ನು ಕೇಳುವುದಿಲ್ಲ. ನಾಲ್ಕನೆಯದು ಮನೆಯ ಕಿರಿಯರಿಗೆ ಸಂಬಂಧಿಸಿದ್ದು. ಅಜ್ಜ ಫೋನು ಹಿಡಿದು ಬಂದು, “ಇದು ನಿಜವೇನೋ, ಸ್ವಲ್ಪ ನೋಡು ಮಗು,” ಎಂದಾಗ ಗೊಣಗದೆ, ನಗದೆ, ಪಕ್ಕದಲ್ಲಿ ಕುಳಿತು ನೋಡಬೇಕು. ಹತ್ತು ಸಲ ಕೇಳಿದರೆ ಹತ್ತು ಸಲವೂ ನೋಡಬೇಕು. ಏಕೆಂದರೆ ಒಂದೂಕಾಲು ಕೋಟಿ ಓಲೆಗಳನ್ನು ಕಳಿಸಿ ಕಾದಿರುವವನು, ಕೇಳಲು ಹತ್ತಿರದಲ್ಲಿ ಯಾರೂ ಇಲ್ಲದ ಒಬ್ಬನನ್ನು ಹುಡುಕುತ್ತಿದ್ದಾನೆ.