ಹಳೆಯ ಹಳಿಗಳ ಮೇಲೆ ಹೆಚ್ಚಿನ ವೇಗ

1969ರ ಮಾರ್ಚ್ ತಿಂಗಳಲ್ಲಿ ನವದೆಹಲಿ ಮತ್ತು ಹೌರಾಗಳ ನಡುವೆ ದೇಶದ ಮೊದಲ ರಾಜಧಾನಿ ಎಕ್ಸ್‌ಪ್ರೆಸ್ ಸಂಚಾರವನ್ನಾರಂಭಿಸಿದಾಗ, ಅದಕ್ಕೆಂದು ಪ್ರತ್ಯೇಕ ಮಾರ್ಗವನ್ನೇನೂ ನಿರ್ಮಿಸಿರಲಿಲ್ಲ. ಕಲ್ಲಿದ್ದಲು ಹೊತ್ತ ಸರಕು ಗಾಡಿಗಳೂ ಪ್ರತಿಯೊಂದು ಸಣ್ಣ ನಿಲ್ದಾಣದಲ್ಲಿ ನಿಲ್ಲುವ ಪ್ಯಾಸೆಂಜರ್ ಗಾಡಿಗಳೂ ಬಳಸುತ್ತಿದ್ದ ಅದೇ ಹಳಿಗಳ ಮೇಲೆ ಈ ಗಾಡಿಯು ಗಂಟೆಗೆ 120 ಕಿ.ಮೀ. ಗರಿಷ್ಠ ವೇಗದಲ್ಲಿ ಓಡಿತು. ಸುಮಾರು 1,450 ಕಿ.ಮೀ. ದೂರವನ್ನು ಕ್ರಮಿಸಲು ಅದಕ್ಕೆ ಬೇಕಾದದ್ದು 17 ಗಂಟೆ 20 ನಿಮಿಷ. ಲೆಕ್ಕ ಹಾಕಿದರೆ ಸರಾಸರಿ ವೇಗವು ಗಂಟೆಗೆ 84 ಕಿ.ಮೀ. ಮೀರುವುದಿಲ್ಲ. ಆ ಕಾಲಕ್ಕೆ ಇದೊಂದು ದೊಡ್ಡ ಸಾಧನೆಯೇ ಆಗಿತ್ತು. ಆದರೂ ಗರಿಷ್ಠ ವೇಗಕ್ಕೂ ಸರಾಸರಿ ವೇಗಕ್ಕೂ ನಡುವೆ ಇರುವ ಈ ಅಂತರ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡರೆ, ಹಳೆಯ ಜಾಲದ ಮೇಲೆ ವೇಗದ ಗಾಡಿಗಳನ್ನು ಓಡಿಸುವ ಕಾರ್ಯದ ಸ್ವರೂಪವು ಬಹುಮಟ್ಟಿಗೆ ಅರ್ಥವಾಗುತ್ತದೆ.

ರಾಜಧಾನಿಯ ನಂತರ 1988ರಲ್ಲಿ ಶತಾಬ್ದಿ ಎಕ್ಸ್‌ಪ್ರೆಸ್ ಬಂದಿತು. 2016ರ ಏಪ್ರಿಲ್‌ನಲ್ಲಿ ದೆಹಲಿ ಹಾಗೂ ಆಗ್ರಾಗಳ ನಡುವೆ ಆರಂಭವಾದ ಗತಿಮಾನ್ ಎಕ್ಸ್‌ಪ್ರೆಸ್‌ಗೆ ಗಂಟೆಗೆ 160 ಕಿ.ಮೀ. ವೇಗದ ಅನುಮತಿ ದೊರೆತಿತ್ತು. 2019ರ ಫೆಬ್ರವರಿಯಲ್ಲಿ ಮೊದಲ ವಂದೇ ಭಾರತ್ ಗಾಡಿ ನವದೆಹಲಿಯಿಂದ ವಾರಾಣಸಿಗೆ ಓಡಿತು. ದಕ್ಷಿಣದಲ್ಲಿ ಇಂಥ ಮೊದಲ ಗಾಡಿಯು 2022ರ ನವೆಂಬರ್‌ನಲ್ಲಿ ಚೆನ್ನೈ ಮತ್ತು ಮೈಸೂರುಗಳ ನಡುವೆ ಆರಂಭವಾಯಿತು. ಸುಮಾರು 500 ಕಿ.ಮೀ.ಗಳ ಈ ಪ್ರಯಾಣಕ್ಕೆ ಆರಂಭದಲ್ಲಿ ನಿಗದಿಯಾದ ಅವಧಿ ಆರೂವರೆ ಗಂಟೆ, ಅಂದರೆ ಸರಾಸರಿ ಗಂಟೆಗೆ 77 ಕಿ.ಮೀ. ಅದೇ ಮಾರ್ಗದ ಶತಾಬ್ದಿಯು ಏಳು ಗಂಟೆ ತೆಗೆದುಕೊಳ್ಳುತ್ತಿತ್ತು. ಗಂಟೆಗೆ 160 ಕಿ.ಮೀ. ವೇಗದಲ್ಲಿ ಓಡಬಲ್ಲ ಹೊಸ ಗಾಡಿ ಉಳಿಸಿಕೊಟ್ಟದ್ದು ಅರ್ಧ ಗಂಟೆಯಷ್ಟೇ ಎಂದು ಹಲವರಿಗೆ ನಿರಾಶೆಯಾಗಿರಬಹುದು. ಆದರೆ ಕೊರತೆ ಇದ್ದುದು ಗಾಡಿಯಲ್ಲಲ್ಲ, ಮಾರ್ಗದಲ್ಲಿ.

ಒಂದು ಸರಳ ಲೆಕ್ಕವನ್ನು ನೋಡಬಹುದು. ನೂರು ಕಿ.ಮೀ. ಉದ್ದದ ಒಳ್ಳೆಯ ಮಾರ್ಗದಲ್ಲಿ ವೇಗವನ್ನು ಗಂಟೆಗೆ 110 ಕಿ.ಮೀ.ಯಿಂದ 130 ಕಿ.ಮೀ.ಗೆ ಏರಿಸಿದರೆ ಉಳಿಯುವುದು ಎಂಟು ನಿಮಿಷ ಮಾತ್ರ. ಆದರೆ ಗಂಟೆಗೆ 30 ಕಿ.ಮೀ. ವೇಗದಲ್ಲಿ ತೆವಳಬೇಕಾದ ಹತ್ತೇ ಕಿ.ಮೀ. ಭಾಗವನ್ನು ದುರಸ್ತಿಗೊಳಿಸಿ ಅಲ್ಲಿ 80 ಕಿ.ಮೀ. ವೇಗವನ್ನು ಸಾಧ್ಯವಾಗಿಸಿದರೆ ಹನ್ನೆರಡು ನಿಮಿಷಗಳಿಗೂ ಹೆಚ್ಚು ಕಾಲ ಉಳಿಯುತ್ತದೆ. ಈ ಎರಡನೆಯ ಕೆಲಸವು ಪತ್ರಿಕೆಗಳ ಮುಖಪುಟದಲ್ಲಿ ಬರುವಂಥದ್ದಲ್ಲ. ಆದರೆ ಅದರ ಪ್ರಯೋಜನವು ದುಬಾರಿ ಟಿಕೆಟ್ಟಿನ ಗಾಡಿಗೆ ಮಾತ್ರ ಸೀಮಿತವಾಗದೆ, ಆ ಹಾದಿಯಲ್ಲಿ ಓಡುವ ಪ್ರತಿಯೊಂದು ಗಾಡಿಗೂ ಸಲ್ಲುತ್ತದೆ.

ನಿಧಾನಗತಿಗೆ ಕಾರಣವಾಗುವ ಸ್ಥಳಗಳು ಹಲವು ಬಗೆಯವು. ಹಳೆಯ ಸೇತುವೆಗಳು, ಕಡಿದಾದ ತಿರುವುಗಳು, ನಿಲ್ದಾಣಗಳಲ್ಲಿ ಗಾಡಿಯನ್ನು ಮುಖ್ಯ ಮಾರ್ಗದಿಂದ ಪಕ್ಕದ ಲೂಪ್ ಮಾರ್ಗಕ್ಕೆ ಹೊರಳಿಸುವ ಕೂಡುಹಳಿಗಳು ಇವುಗಳಲ್ಲಿ ಮುಖ್ಯವಾದವು. ತಿರುವಿನಲ್ಲಿ ಗಾಡಿಯು ಹೊರಕ್ಕೆ ವಾಲದಂತೆ ಹೊರಗಿನ ಹಳಿಯನ್ನು ಒಳಗಿನ ಹಳಿಗಿಂತ ತುಸು ಎತ್ತರದಲ್ಲಿ ಕೂರಿಸುತ್ತಾರೆ. ವೇಗ ಹೆಚ್ಚಿದಷ್ಟೂ ಈ ಎತ್ತರವೂ ಹೆಚ್ಚಬೇಕು. ಆದರೆ ಅದೇ ತಿರುವಿನಲ್ಲಿ ನಿಧಾನವಾಗಿ ಸಾಗುವ ಭಾರದ ಸರಕು ಗಾಡಿಯು ಒಳಕ್ಕೆ ವಾಲಿ ಒಳಹಳಿಯನ್ನು ಸವೆಸುತ್ತದೆ. ಆದುದರಿಂದ ಮಿಶ್ರ ಸಂಚಾರದ ಮಾರ್ಗದಲ್ಲಿ ಎತ್ತರವನ್ನು ನಡುವಣ ಪ್ರಮಾಣದಲ್ಲಿ ಇರಿಸಿಕೊಳ್ಳುವುದು ಅನಿವಾರ್ಯ.

ಘಟ್ಟಗಳ ಸಂಗತಿಯೇ ಬೇರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿ.ಮೀ. ಹಾದಿಯಲ್ಲಿ 50 ಅಡಿಗೆ ಒಂದು ಅಡಿಯಷ್ಟು ಇಳಿಜಾರಿದ್ದು, 57 ಸುರಂಗಗಳಿವೆ. ಅಲ್ಲಿ ಎಂಥ ಆಧುನಿಕ ಗಾಡಿಯಾದರೂ ಘಟ್ಟದ ಶಿಸ್ತಿಗೆ ತಲೆಬಾಗಲೇಬೇಕು. ಮುಂಬಯಿ ಮತ್ತು ಪುಣೆಗಳ ನಡುವಣ ಭೋರ್ ಘಟ್ಟದ ಏರು ಇನ್ನೂ ಕಡಿದು: 37 ಅಡಿಗೆ ಒಂದು ಅಡಿ. ಪುಣೆಯತ್ತ ಹೋಗುವ ಸಾಮಾನ್ಯ ಗಾಡಿಗಳಿಗೆ ಕರ್ಜತ್‌ನಲ್ಲಿ ಹಿಂದಿನಿಂದ ತಳ್ಳುವ ಹೆಚ್ಚುವರಿ ಇಂಜಿನುಗಳನ್ನು ಜೋಡಿಸುವುದನ್ನು ಮುಂಬಯಿ ಕನ್ನಡಿಗರು ತಲೆಮಾರುಗಳಿಂದ ಕಂಡಿದ್ದಾರೆ. 2023ರ ಫೆಬ್ರವರಿಯಲ್ಲಿ ಆರಂಭವಾದ ಮುಂಬಯಿ-ಸೋಲಾಪುರ ವಂದೇ ಭಾರತ್ ಗಾಡಿಯು ಈ ಸಹಾಯವಿಲ್ಲದೆಯೇ ಘಟ್ಟವೇರುತ್ತದೆ. ಅದರಲ್ಲಿ ಪ್ರತ್ಯೇಕ ಇಂಜಿನು ಇಲ್ಲ. ಬೋಗಿಗಳ ಪೈಕಿ ಅರ್ಧದಷ್ಟರ ಕೆಳಗೆ ಮೋಟಾರುಗಳಿರುವುದರಿಂದ ಎಳೆಯುವ ಶಕ್ತಿಯು ಗಾಡಿಯ ಉದ್ದಕ್ಕೂ ಹಂಚಿಕೆಯಾಗಿರುತ್ತದೆ. ನಿಂತ ಗಾಡಿ ಬೇಗನೆ ವೇಗ ಪಡೆಯುವುದಕ್ಕೂ ಇದೇ ಕಾರಣ. ಪದೇ ಪದೇ ನಿಂತು ಹೊರಡಬೇಕಾದ ನಮ್ಮ ಮಾರ್ಗಗಳಲ್ಲಿ ಗರಿಷ್ಠ ವೇಗಕ್ಕಿಂತ ಈ ಗುಣವೇ ಹೆಚ್ಚು ಉಪಯುಕ್ತವೆನ್ನಬೇಕು.

ಇನ್ನು ಒಂದೇ ಹಳಿಯನ್ನು ಹಂಚಿಕೊಳ್ಳುವ ಪ್ರಶ್ನೆ. ಸರಾಸರಿ 40 ಕಿ.ಮೀ. ವೇಗದ ಪ್ಯಾಸೆಂಜರ್ ಗಾಡಿಗೆ 120 ಕಿ.ಮೀ. ದೂರ ಸಾಗಲು ಮೂರು ಗಂಟೆ ಬೇಕು. ವೇಗದ ಗಾಡಿಗೆ ಒಂದೇ ಗಂಟೆ ಸಾಕೆನ್ನೋಣ. ಹಾಗಾದರೆ ವೇಗದ ಗಾಡಿಗಿಂತ ಎರಡು ಗಂಟೆಗಳೊಳಗೆ ಮುಂಚೆ ಹೊರಟ ಪ್ಯಾಸೆಂಜರ್ ಗಾಡಿಯು ದಾರಿಯಲ್ಲಿ ಎಲ್ಲಾದರೊಂದು ಲೂಪ್ ಮಾರ್ಗಕ್ಕೆ ಸರಿದು ನಿಂತು ದಾರಿ ಬಿಡಲೇಬೇಕು. ಸರಕು ಗಾಡಿಗಳಿಗೂ ಇದೇ ಕಟ್ಟಳೆ. ಹೀಗೆ ಒಬ್ಬ ಪ್ರಯಾಣಿಕನು ಉಳಿಸಿದ ಅರ್ಧ ಗಂಟೆಯು ಕೆಲವೊಮ್ಮೆ ಇನ್ನೊಬ್ಬನು ಕಾಯ್ದ ಅರ್ಧ ಗಂಟೆಯಾಗಿರುತ್ತದೆ. ದಿನಗೂಲಿಗೆ ಹೋಗುವವನು ಕಾಯದ ಬೋಗಿಯಲ್ಲಿ ಎ.ಸಿ. ದರ್ಜೆಯವನು ಕಾಯಬೇಕಾಗಿ ಬರುವುದು ಅಪರೂಪ. ಜೋಡಿ ಮಾರ್ಗ, ಮೂರನೆಯ ಮಾರ್ಗ ಮತ್ತು ಸರಕು ಗಾಡಿಗಳಿಗೆಂದೇ ಮೀಸಲಾದ ಕಾರಿಡಾರುಗಳ ನಿರ್ಮಾಣವನ್ನು ವೇಗವರ್ಧನೆಯ ಭಾಗವಾಗಿಯೇ ಪರಿಗಣಿಸಬೇಕಾದದ್ದು ಈ ಕಾರಣದಿಂದ.

2016-17ರ ರೈಲ್ವೆ ಆಯವ್ಯಯದಲ್ಲಿ ‘ಮಿಷನ್ ರಫ್ತಾರ್’ ಎಂಬ ಯೋಜನೆಯನ್ನು ಪ್ರಕಟಿಸಲಾಯಿತು. ಪ್ರಯಾಣಿಕ ಗಾಡಿಗಳ ಸರಾಸರಿ ವೇಗವನ್ನು ಐದು ವರ್ಷಗಳಲ್ಲಿ ಗಂಟೆಗೆ 25 ಕಿ.ಮೀ.ಯಷ್ಟು ಹೆಚ್ಚಿಸುವುದು ಅದರ ಗುರಿಗಳಲ್ಲೊಂದಾಗಿತ್ತು. ಆದರೆ 2019-20ರಲ್ಲಿ ಮೇಲ್ ಹಾಗೂ ಎಕ್ಸ್‌ಪ್ರೆಸ್ ಗಾಡಿಗಳ ಸರಾಸರಿಯು ಗಂಟೆಗೆ ಸುಮಾರು 50 ಕಿ.ಮೀ.ಯಷ್ಟೇ ಇದ್ದುದನ್ನು ಮಹಾಲೇಖಪಾಲರ ವರದಿಯು ದಾಖಲಿಸಿತು. ಬ್ರಾಡ್‌ಗೇಜ್ ಗಾಡಿಯೊಂದಕ್ಕೆ ‘ಸೂಪರ್‌ಫಾಸ್ಟ್’ ಎಂಬ ಹೆಸರು ಸಲ್ಲಲು ಸರಾಸರಿ 55 ಕಿ.ಮೀ. ವೇಗವಿದ್ದರೆ ಸಾಕೆಂಬುದನ್ನು ಇಲ್ಲಿ ನೆನೆಯಬಹುದು.

ವೇಗವು ಹೆಚ್ಚಿದಂತೆ ಸುರಕ್ಷತೆಯ ಹೊಣೆಯು ಅದೇ ಪ್ರಮಾಣದಲ್ಲಲ್ಲ, ಅದಕ್ಕೂ ಮಿಗಿಲಾಗಿ ಬೆಳೆಯುತ್ತದೆ. ಗಾಡಿಯ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದುದು. 110 ಕಿ.ಮೀ. ವೇಗದ ಗಾಡಿಯನ್ನು 160 ಕಿ.ಮೀ. ವೇಗದಲ್ಲಿ ಓಡಿಸಿದಾಗ ಬ್ರೇಕುಗಳು ಅರಗಿಸಿಕೊಳ್ಳಬೇಕಾದ ಶಕ್ತಿಯು ಎರಡು ಪಟ್ಟನ್ನು ಮೀರುತ್ತದೆ. ಆದುದರಿಂದಲೇ ವೇಗದ ಮಾರ್ಗಗಳಲ್ಲಿ ಮುನ್ಸೂಚನೆ ನೀಡುವ ಸಿಗ್ನಲ್ ಒಂದರ ಬದಲು ಎರಡು ಇರುತ್ತವೆ. 2020ರಲ್ಲಿ ರಾಷ್ಟ್ರೀಯ ಸುರಕ್ಷತಾ ವ್ಯವಸ್ಥೆಯಾಗಿ ಅಂಗೀಕೃತವಾದ ‘ಕವಚ್’, ಚಾಲಕನು ಅಪಾಯದ ಸಿಗ್ನಲನ್ನು ಗಮನಿಸದೆ ಮುನ್ನಡೆದರೆ ತಾನಾಗಿ ಬ್ರೇಕು ಹಾಕುತ್ತದೆ. ಇದರ ಆರಂಭಿಕ ಪ್ರಯೋಗಗಳು ನಡೆದದ್ದು ದಕ್ಷಿಣ ಮಧ್ಯ ರೈಲ್ವೆಯ ಲಿಂಗಂಪಲ್ಲಿ-ವಿಕಾರಾಬಾದ್-ವಾಡಿ ಮತ್ತು ವಿಕಾರಾಬಾದ್-ಬೀದರ್ ಮಾರ್ಗಗಳಲ್ಲಿ. ಹೈದರಾಬಾದಿನಿಂದ ಕಲಬುರಗಿ, ಬೀದರ್‌ಗಳಿಗೆ ಹೋಗಿಬರುವವರಿಗೆ ಇವು ಚಿರಪರಿಚಿತ ಹಾದಿಗಳು.

ಆದರೆ ಯಂತ್ರಕ್ಕೂ ಮಿತಿಗಳಿವೆ. 2023ರ ಜೂನ್ 2ರಂದು ಒಡಿಶಾದ ಬಾಹಾನಗಾ ಬಜಾರ್ ನಿಲ್ದಾಣದಲ್ಲಿ ಚೆನ್ನೈಗೆ ಹೊರಟಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್ ಹಸಿರು ಸಿಗ್ನಲ್ ಪಡೆದು ಗಂಟೆಗೆ ಸುಮಾರು 128 ಕಿ.ಮೀ. ವೇಗದಲ್ಲಿ ಬಂದು, ಮುಖ್ಯ ಮಾರ್ಗದ ಬದಲು ಲೂಪ್ ಮಾರ್ಗಕ್ಕೆ ಹೊರಳಿ ಅಲ್ಲಿ ನಿಂತಿದ್ದ ಸರಕು ಗಾಡಿಗೆ ಅಪ್ಪಳಿಸಿತು. ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ಗಾಡಿಯ ಕೊನೆಯ ಬೋಗಿಗಳೂ ಇದಕ್ಕೆ ಸಿಲುಕಿದವು. 290ಕ್ಕೂ ಹೆಚ್ಚು ಜನರು ಅಸುನೀಗಿದರು. ಸಿಗ್ನಲ್ ತಂತಿಗಳ ಜೋಡಣೆಯಲ್ಲಿ ಆಗಿದ್ದ ಲೋಪವೇ ಕಾರಣವೆಂದು ತನಿಖೆಯು ತಿಳಿಸಿತು. ಆ ಮಾರ್ಗದಲ್ಲಿ ಆಗ ಕವಚ್ ಇರಲಿಲ್ಲ. ಇದ್ದಿದ್ದರೂ, ಅದು ಸಿಗ್ನಲ್ ವ್ಯವಸ್ಥೆಯು ನೀಡುವ ಮಾಹಿತಿಯನ್ನೇ ನಂಬಿ ನಡೆಯುವಂಥದ್ದು. ಹಳಿಯ ಬದಿಯ ಪೆಟ್ಟಿಗೆಯೊಳಗೆ ತಂತಿಯನ್ನು ಜೋಡಿಸುವ ಕೆಲಸಗಾರನ ಕೈ ಹಾಗೂ ಆ ಕೆಲಸವನ್ನು ಮರುಪರೀಕ್ಷಿಸುವ ಅಧಿಕಾರಿಯ ಕಣ್ಣು ಇವೆರಡಕ್ಕೂ ಪರ್ಯಾಯವಿಲ್ಲ.

ಹಳಿಯ ಬದಿಯಲ್ಲಿ ಬದುಕುವವರ ಸಂಗತಿಯೂ ಇದೆ. ಬ್ರಾಡ್‌ಗೇಜ್ ಮಾರ್ಗಗಳಲ್ಲಿನ ಕಾವಲುರಹಿತ ಲೆವೆಲ್ ಕ್ರಾಸಿಂಗುಗಳನ್ನು 2019ರ ಜನವರಿಯ ವೇಳೆಗೆ ತೆಗೆದುಹಾಕಲಾಯಿತು. 2022ರ ಅಕ್ಟೋಬರ್‌ನಲ್ಲಿ ಗುಜರಾತಿನಲ್ಲಿ ವಂದೇ ಭಾರತ್ ಗಾಡಿಗೆ ಎಮ್ಮೆಗಳು ಅಡ್ಡ ಬಂದು ಅದರ ಮುಂಭಾಗ ಜಖಂಗೊಂಡ ನಂತರ ಮುಂಬಯಿ-ಅಹಮದಾಬಾದ್ ಮಾರ್ಗದುದ್ದಕ್ಕೂ ಲೋಹದ ಬೇಲಿ ಹಾಕುವ ಕೆಲಸವನ್ನು ಕೈಗೊಳ್ಳಲಾಯಿತು. ಬೇಲಿ ಬಂದ ಕಡೆಯಲ್ಲೆಲ್ಲ ಕೆಳಸೇತುವೆಯಾಗಲಿ, ಕಾಲುಸೇತುವೆಯಾಗಲಿ ಹತ್ತಿರದಲ್ಲೇ ಇರಬೇಕು. ಇಲ್ಲವಾದರೆ ಹೊಲಕ್ಕೋ ಶಾಲೆಗೋ ಹೋಗುವವರು ಬೇಲಿಯನ್ನು ಮುರಿದೇ ದಾಟುತ್ತಾರೆ. ಒಂದು ಕಿ.ಮೀ. ದೂರದಲ್ಲಿ ಕಾಣಿಸಿದ ಗಾಡಿಯು 110 ಕಿ.ಮೀ. ವೇಗದಲ್ಲಿದ್ದರೆ ದಾಟುವವನ ಬಳಿಗೆ ಬರಲು 33 ಸೆಕೆಂಡು ಹಿಡಿಯುತ್ತದೆ. 160 ಕಿ.ಮೀ. ವೇಗದಲ್ಲಿ ಅದು 22 ಸೆಕೆಂಡುಗಳಲ್ಲಿ ಬಂದುಬಿಡುತ್ತದೆ.