ಎಪ್ಪತ್ತು ದಾಟಿದವರಿಗೆ ಕೋವಿಡ್ ಬಂದಾಗ: ಮನೆಯವರ ತಪ್ಪು ಕಲ್ಪನೆಗಳು

ಭಾರತದಲ್ಲಿ ಕೋವಿಡ್‌ನಿಂದ ತೀರಿಕೊಂಡ ಮೊದಲಿಗರು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು. ಅದು 2020ರ ಮಾರ್ಚ್. ಮರುವರ್ಷದ ಮೇ ಆರಂಭದಲ್ಲಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನ 24 ರೋಗಿಗಳು ಸತ್ತರು. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಆದರೆ ವೈರಸ್ ಎಲ್ಲಿಗೂ ಹೋಗಿಲ್ಲ, ಜೆಎನ್.1 ಎಂದೋ ಎನ್‌ಬಿ.1.8.1 ಎಂದೋ ಹೊಸ ಹೆಸರಿನಲ್ಲಿ ಆಗಾಗ ಬಂದು ಹೋಗುತ್ತಿದೆ.

ಹೀಗಾಗಿ ಇಂದಿಗೂ ಅಪ್ಪನದೋ ಅಮ್ಮನದೋ ವರದಿ ‘ಪಾಸಿಟಿವ್’ ಎಂದು ಬಂದರೆ ಮನೆಯಲ್ಲಿ ಎರಡು ಪಕ್ಷವಾಗುತ್ತದೆ. ದೂರದ ಊರಿನಲ್ಲಿರುವ ಮಗ ‘ಈಗಲೇ ಅಡ್ಮಿಟ್ ಮಾಡಿ’ ಎಂದು ಫೋನಿನಲ್ಲಿ ಚಡಪಡಿಸುತ್ತಾನೆ. ಜೊತೆಗಿರುವವರು ‘ಬರೀ ಶೀತ, ಕಷಾಯ ಕುಡಿದರೆ ಹೋಗುತ್ತದೆ’ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ಏನೆಂದು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಈ ವಯಸ್ಸಿನಲ್ಲಿ ಕೋವಿಡ್ ಬಂದರೆ ಮುಗಿದ ಹಾಗೆಯೇ.

ವಾಸ್ತವ: ವಯಸ್ಸಿನ ಜೊತೆ ಅಪಾಯ ಏರುತ್ತದೆ, ನಿಜ. ಲಸಿಕೆಯೇ ಇಲ್ಲದಿದ್ದ 2020ರಲ್ಲಿ, ಮುಖ್ಯವಾಗಿ ಮುಂದುವರಿದ ದೇಶಗಳ ಅಂಕಿಅಂಶ ಕಲೆಹಾಕಿ ತಜ್ಞರು ಒಂದು ಲೆಕ್ಕ ಹಾಕಿದ್ದರು. ಸೋಂಕು ತಗುಲಿದವರಲ್ಲಿ ಸಾವಿನ ಪ್ರಮಾಣ 65ರ ವಯಸ್ಸಿನಲ್ಲಿ ಶೇ 1.4, 75ರಲ್ಲಿ ಶೇ 4.6, 85ರಲ್ಲಿ ಶೇ 15. ಅಂದರೆ ಆ ಕೆಟ್ಟ ಕಾಲದಲ್ಲೂ 75 ವರ್ಷದ ನೂರು ಮಂದಿಯಲ್ಲಿ ಸುಮಾರು 95 ಮಂದಿ ಬದುಕಿದರು. ನಮ್ಮಲ್ಲಿ 60 ದಾಟಿದವರಿಗೆ 2021ರ ಮಾರ್ಚ್ 1ರಿಂದ ಲಸಿಕೆ ಸಿಕ್ಕಿದೆ. ಬಹಳಷ್ಟು ಜನರಿಗೆ ಸೋಂಕೂ ಒಮ್ಮೆಯಾದರೂ ಬಂದುಹೋಗಿದೆ. ಆದ್ದರಿಂದ ಅಪಾಯ ಈಗ ಇನ್ನೂ ತಗ್ಗಿದೆ.

ಈ ಭಯದಿಂದಲೇ ಕೆಲವು ಮನೆಗಳಲ್ಲಿ ವರದಿಯನ್ನು ಹಿರಿಯರಿಂದ ಮುಚ್ಚಿಡುತ್ತಾರೆ. ತಮಗೇನಾಗಿದೆ ಎಂದೇ ಗೊತ್ತಿಲ್ಲದವರು ಎದೆಯ ಬಿಗಿತವನ್ನು, ಏದುಸಿರನ್ನು ‘ವಯಸ್ಸಾಯಿತಲ್ಲ’ ಎಂದು ನುಂಗಿಕೊಳ್ಳುತ್ತಾರೆ. ವಿಷಯ ತಿಳಿಸಿ, ಏನಾದರೆ ಹೇಳಬೇಕೆಂಬುದನ್ನೂ ತಿಳಿಸಿ.

ತಪ್ಪು ಕಲ್ಪನೆ 2: ಈಗಿನ ಕೋವಿಡ್ ಬರೀ ನೆಗಡಿ.

ವಾಸ್ತವ: ಮೂವತ್ತರ ಮಗನಿಗೆ ಅದು ನೆಗಡಿಯೇ ಇರಬಹುದು. ಅವನಿಂದಲೇ ಸೋಂಕು ತಗುಲಿಸಿಕೊಂಡ ಅಪ್ಪನಿಗೆ ಹಾಗಿರಬೇಕೆಂದಿಲ್ಲ. ಹಿರಿಯರಲ್ಲಿ ವೈರಸ್ ಶ್ವಾಸಕೋಶಕ್ಕಿಂತ ಮೊದಲು ಹಳೆಯ ಕಾಯಿಲೆಯನ್ನು ಕೆದಕುವುದುಂಟು. ಹತೋಟಿಯಲ್ಲಿದ್ದ ಶುಗರ್ ಏರುತ್ತದೆ, ದುರ್ಬಲ ಹೃದಯ ಸೋಲುತ್ತದೆ, ಹಳೆಯ ಉಬ್ಬಸ ಕೆರಳುತ್ತದೆ. ಸೋಂಕಿನ ನಂತರದ ಕೆಲವು ವಾರ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಸಾಧ್ಯತೆ ಹೆಚ್ಚಿರುತ್ತದೆ ಎಂಬುದನ್ನು ಸ್ವೀಡನ್‌ನ ದೊಡ್ಡ ಅಧ್ಯಯನ 2021ರಲ್ಲೇ ತೋರಿಸಿದೆ. 2023ರ ಡಿಸೆಂಬರ್‌ನಲ್ಲಿ ಜೆಎನ್.1 ಹರಡಿದಾಗ ಕರ್ನಾಟಕ ಸರ್ಕಾರ 60 ದಾಟಿದವರಿಗೂ ಬೇರೆ ಕಾಯಿಲೆ ಇರುವವರಿಗೂ ಮಾಸ್ಕ್ ಧರಿಸಲು ಸೂಚಿಸಿದ್ದು ಇದೇ ಕಾರಣಕ್ಕೆ.

ತಪ್ಪು ಕಲ್ಪನೆ 3: ಜ್ವರವಿಲ್ಲ, ಕೆಮ್ಮಿಲ್ಲ. ಹಾಗಾದರೆ ಚಿಂತೆಯಿಲ್ಲ.

ವಾಸ್ತವ: ಮನೆಯವರು ಹೆಚ್ಚು ಮೋಸಹೋಗುವುದು ಇಲ್ಲೇ. ವಯಸ್ಸಾದ ದೇಹ ಸೋಂಕಿಗೆ ಜ್ವರದ ಮೂಲಕವೇ ಉತ್ತರಿಸುತ್ತದೆ ಎಂದಿಲ್ಲ. ಹಿರಿಯರ ಸಹಜ ಉಷ್ಣಾಂಶವೇ ಕಡಿಮೆ ಇರುತ್ತದೆ. ಸಾಮಾನ್ಯವಾಗಿ 97 ಡಿಗ್ರಿ ಫ್ಯಾರನ್‌ಹೀಟ್ ಇರುವವರಿಗೆ 99 ಎಂದರೆ ಅದು ಜ್ವರವೇ.

ಇನ್ನೊಂದು ಲಕ್ಷಣ ಗೊಂದಲ. ಅಮೆರಿಕದ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ 2020ರಲ್ಲಿ ಬಂದ, 65 ದಾಟಿದ ಕೋವಿಡ್ ರೋಗಿಗಳ ಅಧ್ಯಯನವೊಂದರಲ್ಲಿ ಶೇ 28ರಷ್ಟು ಜನರಲ್ಲಿ ಬಂದಾಗಲೇ ಇಂಥ ಗೊಂದಲ ಇತ್ತು. ಅವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಜನರಿಗೆ ಜ್ವರ, ಉಸಿರಾಟದ ತೊಂದರೆಯಂಥ ಎಂದಿನ ಲಕ್ಷಣಗಳೇ ಇರಲಿಲ್ಲ. ನಿನ್ನೆಯವರೆಗೆ ಪೇಪರ್ ಓದಿ ರಾಜಕೀಯ ಮಾತಾಡುತ್ತಿದ್ದ ಅಪ್ಪ ಇಂದು ಮೊಮ್ಮಗಳ ಹೆಸರು ತಪ್ಪು ಹೇಳಿದರೆ, ಹಗಲೆಲ್ಲ ತೂಕಡಿಸಿದರೆ, ರಾತ್ರಿ ಎದ್ದು ‘ಮನೆಗೆ ಹೋಗಬೇಕು’ ಎಂದರೆ ಅದನ್ನು ಅರಳುಮರಳು ಎಂದು ತಳ್ಳಿಹಾಕಬೇಡಿ. ಇದ್ದಕ್ಕಿದ್ದಂತೆ ಬೀಳುವುದು, ಊಟ ಮುಟ್ಟದಿರುವುದು, ಹಾಸಿಗೆಯಲ್ಲೇ ಮೂತ್ರ ಹೋಗುವುದೂ ಇದೇ ಸಾಲಿಗೆ ಸೇರುತ್ತವೆ. ಹೀಗೆ ಒಂದೆರಡು ದಿನದಲ್ಲಿ ಕಾಣಿಸಿಕೊಂಡ ಬದಲಾವಣೆಯನ್ನು ಅಂದೇ ವೈದ್ಯರಿಗೆ ತಿಳಿಸಬೇಕು; ಹೊಸ ಗೊಂದಲವಾದರೆ ಕಾಯದೆ 108ಕ್ಕೆ ಕರೆಮಾಡಬೇಕು.

ತಪ್ಪು ಕಲ್ಪನೆ 4: ಆಕ್ಸಿಮೀಟರ್ ಚೆನ್ನಾಗಿ ತೋರಿಸುತ್ತಿದೆ, ಅಷ್ಟು ಸಾಕು.

ವಾಸ್ತವ: ಆಕ್ಸಿಮೀಟರ್ ಬೇಕೇ ಬೇಕು. ಆಮ್ಲಜನಕ ಇಳಿಯುತ್ತಿದ್ದರೂ ದಮ್ಮು ಕಟ್ಟಿದಂತೆ ಅನಿಸದ ರೋಗಿಗಳಿದ್ದಾರೆ. ನಮ್ಮ ದೇಶದ ಚಿಕಿತ್ಸಾ ಮಾರ್ಗಸೂಚಿಯ ಪ್ರಕಾರ ಆಮ್ಲಜನಕದ ಮಟ್ಟ ಶೇ 90ರಿಂದ 93ರ ನಡುವೆ ಇದ್ದರೆ ಮಧ್ಯಮ ತೀವ್ರತೆ, ಆಸ್ಪತ್ರೆ ಬೇಕು. 90ಕ್ಕಿಂತ ಕೆಳಗಿಳಿದರೆ ತೀವ್ರ. ಆದರೆ ಯಂತ್ರದ ಮಿತಿಯೂ ಗೊತ್ತಿರಲಿ. ತಣ್ಣಗಿನ ಕೈ, ಉಗುರಿನ ಬಣ್ಣ, ಮೆಹಂದಿ ಇದ್ದರೆ ಅಂಕಿ ಏರುಪೇರಾಗುತ್ತದೆ. ಕಪ್ಪು ಮೈಬಣ್ಣದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು. 2020ರ ಕೊನೆಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದ ಪ್ರಕಾರ, ಆಮ್ಲಜನಕ ನಿಜಕ್ಕೂ ಇಳಿದಿದ್ದರೂ ಯಂತ್ರ ಅದನ್ನು ಹಿಡಿಯದೆ ಹೋದದ್ದು ಬಿಳಿಯರಿಗೆ ಹೋಲಿಸಿದರೆ ಕಪ್ಪು ವರ್ಣೀಯರಲ್ಲಿ ಹೆಚ್ಚುಕಡಿಮೆ ಮೂರು ಪಟ್ಟು.

ಆದ್ದರಿಂದ ಉಸಿರನ್ನೂ ಎಣಿಸಿ. ಅವರಿಗೆ ಹೇಳದೆ, ಎದೆಯ ಏರಿಳಿತವನ್ನು ಗಡಿಯಾರ ನೋಡಿಕೊಂಡು ಒಂದು ಪೂರ್ತಿ ನಿಮಿಷ ಲೆಕ್ಕಹಾಕಿ. 24 ಅಥವಾ ಹೆಚ್ಚಿದ್ದರೆ ಅಂಕಿ 95 ಇದ್ದರೂ ವೈದ್ಯರಿಗೆ ಫೋನ್ ಮಾಡಿ. ಆಕ್ಸಿಮೀಟರ್ ಅಂಕಿಯನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬೆರಳು ಬೆಚ್ಚಗಿರುವಾಗ ನೋಡಿ ಬರೆದಿಡಿ. ಒಂದೇ ಅಂಕಿಗಿಂತ ಅದು ಇಳಿಮುಖವಾಗಿದೆಯೇ ಎಂಬುದು ಮುಖ್ಯ. ಕಾಯಿಲೆ ಬಿಗಡಾಯಿಸುವುದಿದ್ದರೆ ಸಾಮಾನ್ಯವಾಗಿ ಲಕ್ಷಣ ಶುರುವಾದ ಐದರಿಂದ ಹತ್ತನೇ ದಿನದೊಳಗೆ. ಮೂರನೇ ದಿನ ಜ್ವರ ಬಿಟ್ಟಿತೆಂದು ಪುಸ್ತಕ ಮುಚ್ಚಬೇಡಿ.

ತಪ್ಪು ಕಲ್ಪನೆ 5: ಕೋವಿಡ್ ಇರುವಾಗ ಬಿಪಿ, ಶುಗರ್ ಮಾತ್ರೆ ನಿಲ್ಲಿಸಬೇಕು.

ವಾಸ್ತವ: ಟೆಲ್ಮಿಸಾರ್ಟನ್, ರಾಮಿಪ್ರಿಲ್ ತರಹದ ಬಿಪಿ ಮಾತ್ರೆಗಳು ಕೋವಿಡ್ ಹೆಚ್ಚಿಸುತ್ತವೆ ಎಂಬ ಗುಮಾನಿ 2020ರಲ್ಲಿ ಎದ್ದಿತ್ತು. ಬ್ರೆಜಿಲ್‌ನಲ್ಲಿ ಅವನ್ನು ನಿಲ್ಲಿಸಿಯೂ ಮುಂದುವರಿಸಿಯೂ ಹೋಲಿಸಿ ನೋಡಿದಾಗ ನಿಲ್ಲಿಸಿದ್ದರಿಂದ ಯಾವ ಲಾಭವೂ ಕಾಣಲಿಲ್ಲ. ಮಾತ್ರೆ ಮುಂದುವರಿಯಲಿ. ಆದರೆ ವಾಂತಿ, ಭೇದಿ ಇದ್ದರೆ ಅಥವಾ ಊಟವೇ ಸೇರದಿದ್ದರೆ ಕೆಲವು ಶುಗರ್ ಮಾತ್ರೆ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ಬದಲಿಸಬೇಕಾಗಬಹುದು. ಅದನ್ನು ನಿರ್ಧರಿಸಬೇಕಾದವರು ವೈದ್ಯರು.

ತಪ್ಪು ಕಲ್ಪನೆ 6: 2021ರಲ್ಲಿ ಕೊಟ್ಟ ಔಷಧದ ಚೀಟಿ ಇದೆ, ಅದನ್ನೇ ತರಿಸಿದರಾಯಿತು.

ವಾಸ್ತವ: ಆ ಚೀಟಿಗಳಲ್ಲಿ ಅಜಿತ್ರೊಮೈಸಿನ್, ಐವರ್‌ಮೆಕ್ಟಿನ್, ಕೆಲವೊಮ್ಮೆ ಸ್ಟೀರಾಯ್ಡ್ ಇರುತ್ತಿದ್ದವು. ಮೊದಲೆರಡರಿಂದ ಪ್ರಯೋಜನವಿಲ್ಲ ಎಂಬುದು ದೊಡ್ಡ ಪ್ರಯೋಗಗಳಲ್ಲಿ ಸಾಬೀತಾಗಿದೆ.

ಸ್ಟೀರಾಯ್ಡ್ ವಿಷಯ ಬೇರೆ. ಬ್ರಿಟನ್‌ನ ರಿಕವರಿ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಮೂರನೇ ಒಂದರಷ್ಟು, ಆಮ್ಲಜನಕ ಪಡೆಯುತ್ತಿದ್ದವರ ಸಾವನ್ನು ಐದನೇ ಒಂದರಷ್ಟು ತಗ್ಗಿಸಿತು. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಅದರಿಂದ ಲಾಭವಾಗಲಿಲ್ಲ. ಅಂಥವರಿಗೆ ಮನೆಯಲ್ಲೇ ಕೊಟ್ಟರೆ ಆಗುವುದು ನಷ್ಟ. ಶುಗರ್ ಇರುವ ಹಿರಿಯರಲ್ಲಿ ಸಕ್ಕರೆ ಮಿತಿಮೀರುತ್ತದೆ. 2021ರಲ್ಲಿ ಕೋವಿಡ್ ರೋಗಿಗಳನ್ನು ಕಾಡಿದ ಕಪ್ಪು ಶಿಲೀಂಧ್ರ ಸೋಂಕಿನ ಹಿಂದೆ ಹತೋಟಿ ತಪ್ಪಿದ ಶುಗರ್ ಮತ್ತು ಸ್ಟೀರಾಯ್ಡ್ ಎರಡರ ಕೈವಾಡವೂ ಇತ್ತು.

ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಡೋಲೊದಂಥ ಪ್ಯಾರಾಸಿಟಮಾಲ್ ಕೊಟ್ಟ ಮೇಲೆ ಶೀತದ ಮಾತ್ರೆಯನ್ನೂ ಕೊಡುವ ಮುನ್ನ ಅದರ ಹಿಂಬದಿ ಓದಿ. ಹಲವು ಶೀತದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಪ್ರಮಾಣ ಎರಡು ಪಟ್ಟಾಗುತ್ತದೆ. ಅವುಗಳಲ್ಲಿರುವ ನಿದ್ದೆ ತರುವ ಅಂಶ ಹಿರಿಯರಿಗೆ ಗೊಂದಲ ತರಬಲ್ಲದು. ಪ್ರಾಸ್ಟೇಟ್ ತೊಂದರೆ ಇರುವವರಿಗೆ ಮೂತ್ರವನ್ನೇ ಕಟ್ಟಿಸಬಲ್ಲದು.

ತಪ್ಪು ಕಲ್ಪನೆ 7: ಕೋವಿಡ್‌ಗೆ ಔಷಧವೇ ಇಲ್ಲ, ಸುಮ್ಮನೆ ಕಾಯಬೇಕು.

ವಾಸ್ತವ: ವೈರಸ್ಸನ್ನೇ ತಡೆಯುವ ಔಷಧಗಳಿವೆ. ನಿರ್ಮಾಟ್ರೆಲ್‌ವಿರ್–ರಿಟೊನಾವಿರ್ ಮಾತ್ರೆ ಐದು ದಿನದ್ದು; ರೆಮ್‌ಡೆಸಿವಿರ್ ಚುಚ್ಚುಮದ್ದನ್ನು ಸೌಮ್ಯ ಹಂತದಲ್ಲಿ ಮೂರು ದಿನ ಕೊಡುತ್ತಾರೆ. ಲಸಿಕೆ ಪಡೆಯದ, ಅಪಾಯ ಹೆಚ್ಚಿದ್ದವರ ಮೇಲೆ ನಡೆದ ಪ್ರಯೋಗದಲ್ಲಿ ಈ ಮಾತ್ರೆಯನ್ನು ಮೊದಲ ಮೂರು ದಿನದೊಳಗೆ ಶುರುಮಾಡಿದವರಲ್ಲಿ ಆಸ್ಪತ್ರೆ ಸೇರುವುದು ಮತ್ತು ಸಾವು ಶೇ 89ರಷ್ಟು ಇಳಿದಿತ್ತು. ಲಸಿಕೆ ಪಡೆದವರಲ್ಲಿ ಲಾಭ ಅಷ್ಟು ದೊಡ್ಡದಲ್ಲ. ತೀರಾ ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಕೇಳಬೇಕಾದ ಔಷಧ ಇದು.

ಈ ಮಾತ್ರೆಗೆ ಷರತ್ತು ಎರಡು. ಲಕ್ಷಣ ಕಂಡ ಐದು ದಿನದೊಳಗೆ ಶುರುವಾಗಬೇಕು. ಮತ್ತು ಕೊಲೆಸ್ಟರಾಲ್‌ಗೆ ಕೊಡುವ ಅಟೋರ್‌ವಾಸ್ಟಾಟಿನ್, ಹೃದಯದ ಲಯಕ್ಕೆ ಕೊಡುವ ಅಮಿಯೊಡರೋನ್, ರಕ್ತ ತೆಳುವಾಗಿಸುವ ಕೆಲವು ಮಾತ್ರೆಗಳಿಗೂ ಇದಕ್ಕೂ ಹೊಂದಿಕೆಯಾಗದು. ಕಿಡ್ನಿ ದುರ್ಬಲವಾಗಿದ್ದರೆ ಪ್ರಮಾಣ ಬದಲಾಗುತ್ತದೆ. ಪಾಸಿಟಿವ್ ಬಂದ ದಿನವೇ, ದಿನನಿತ್ಯದ ಮಾತ್ರೆಗಳ ಪಟ್ಟಿ ಹಿಡಿದು ವೈದ್ಯರನ್ನು ಕೇಳಿ.

ತಪ್ಪು ಕಲ್ಪನೆ 8: ಗಂಟೆಗೊಮ್ಮೆ ಕಷಾಯ, ಹಬೆ ಕೊಟ್ಟರೆ ವೈರಸ್ ಸಾಯುತ್ತದೆ.

ವಾಸ್ತವ: ಶುಂಠಿ, ಮೆಣಸು, ಜೀರಿಗೆಯ ಬಿಸಿ ಕಷಾಯ ಗಂಟಲಿಗೆ ಹಿತ, ನೀರೂ ಒಳಗೆ ಹೋಗುತ್ತದೆ. ಅಷ್ಟೇ ಅದರ ಕೆಲಸ. ಜ್ಯೇಷ್ಠಮಧು ಹೆಚ್ಚಾದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಬೆಲ್ಲ ಹಾಕಿದರೆ ಶುಗರ್. ಕುದಿಯುವ ಪಾತ್ರೆಯ ಮುಂದೆ ಕೈ ನಡುಗುವ ಅಜ್ಜಿಯನ್ನು ಟವೆಲ್ ಹೊದಿಸಿ ಕೂರಿಸಿದರೆ ಸುಟ್ಟಗಾಯದ ಭಯ. ಅದಕ್ಕಿಂತ ರಾಗಿ ಗಂಜಿ, ತಿಳಿಸಾರು, ಮೊಟ್ಟೆ, ಬೇಳೆ, ಸೇರುವಷ್ಟು ಸೇರುವಾಗ ಕೊಡುವುದು ಮೇಲು.

ತಪ್ಪು ಕಲ್ಪನೆ 9: ಕೋಣೆಯ ಬಾಗಿಲು ಮುಚ್ಚಿ, ಹಾಸಿಗೆಯಿಂದ ಏಳದಂತೆ ನೋಡಿಕೊಳ್ಳಬೇಕು.

ವಾಸ್ತವ: ಬೇರೆ ಕೋಣೆ ಸರಿ, ಕೂಡಿಹಾಕುವುದು ತಪ್ಪು. ಕಿಟಕಿ ತೆರೆದಿರಲಿ, ಒಳಗೆ ಹೋಗುವವರು ಎನ್95 ಮಾಸ್ಕ್ ಹಾಕಿಕೊಳ್ಳಲಿ. ಕನ್ನಡಕ, ಕಿವಿಯ ಯಂತ್ರ, ಗಡಿಯಾರ ಕೈಗೆಟುಕಲಿ. ಇವಿಲ್ಲದೆ ಒಂಟಿಯಾಗಿ ಬಿದ್ದಿರುವ ಹಿರಿಯರು ಬೇಗ ಗೊಂದಲಕ್ಕೆ ಜಾರುತ್ತಾರೆ.

ಪೂರ್ತಿ ಮಲಗಿರುವುದಂತೂ ಬೇಡವೇ ಬೇಡ. ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ 2007ರ ಪ್ರಯೋಗವೊಂದರಲ್ಲಿ ಕಾಲುಗಳಿಂದಲೇ ಸುಮಾರು ಒಂದು ಕೆಜಿ ಮಾಂಸಖಂಡ ಕರಗಿತ್ತು. ಊಟಕ್ಕೆ ಕುರ್ಚಿಯಲ್ಲಿ ಕೂರಲಿ, ಶೌಚಕ್ಕೆ ಜೊತೆಯಲ್ಲಿ ನಡೆಸಿಕೊಂಡು ಹೋಗಿ. ಹಾಗೆಯೇ ಅಪ್ಪನ ಆರೈಕೆಯನ್ನು ಎಪ್ಪತ್ತರ ಅಮ್ಮನ ತಲೆಗೆ ಕಟ್ಟಬೇಡಿ. ಮನೆಯಲ್ಲಿ ಚಿಕ್ಕವರಿದ್ದರೆ ಅವರಲ್ಲೊಬ್ಬರು ವಹಿಸಿಕೊಳ್ಳಲಿ.

ತಪ್ಪು ಕಲ್ಪನೆ 10: ನೆಗೆಟಿವ್ ಬರುವವರೆಗೆ ಕಾಯಿಲೆ ಹೋಗಿಲ್ಲ.

ವಾಸ್ತವ: ಆರ್‌ಟಿ-ಪಿಸಿಆರ್ ವಾರಗಟ್ಟಲೆ ಪಾಸಿಟಿವ್ ತೋರಿಸಬಹುದು, ಅದು ಹಿಡಿಯುತ್ತಿರುವುದು ಸತ್ತ ವೈರಸ್ಸಿನ ತುಣುಕು. ಪಾಸಿಟಿವ್ ಬಂದು ಏಳು ದಿನ ಕಳೆದು, ಕೊನೆಯ ಮೂರು ದಿನ ಜ್ವರವಿಲ್ಲದಿದ್ದರೆ ಪ್ರತ್ಯೇಕವಾಸ ಮುಗಿಸಬಹುದು, ಮರುಪರೀಕ್ಷೆ ಬೇಕಿಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2022ರ ಜನವರಿಯಲ್ಲೇ ಹೇಳಿತ್ತು. ವರದಿಯಲ್ಲಿನ ‘ಸಿಟಿ ವ್ಯಾಲ್ಯೂ’ ಕಾಯಿಲೆಯ ತೀವ್ರತೆಯನ್ನೂ ಹೇಳುವುದಿಲ್ಲ. ಸೌಮ್ಯ ಲಕ್ಷಣಕ್ಕೆ ಎದೆಯ ಸ್ಕ್ಯಾನ್ ಕೂಡ ಅನಗತ್ಯ ಖರ್ಚು.

ತಪ್ಪು ಕಲ್ಪನೆ 11: ದೂರದಲ್ಲಿರುವ ಮಕ್ಕಳು ಚಿಂತಿಸುವುದು ಬಿಟ್ಟರೆ ಏನೂ ಮಾಡಲಾಗದು.

ವಾಸ್ತವ: ದಿನಕ್ಕೆ ಹತ್ತು ಸಲ ಫೋನ್ ಮಾಡಿ ‘ಆಕ್ಸಿಜನ್ ಎಷ್ಟು’ ಎಂದು ಕೇಳಿದರೆ ಆತಂಕ ಹೆಚ್ಚುತ್ತದೆ. ಅದರ ಬದಲು ಮಾತ್ರೆಗಳ ಪಟ್ಟಿ ಸಿದ್ಧಮಾಡಿ ಕಳಿಸಿ. ಸರ್ಕಾರದ ಉಚಿತ ಇ-ಸಂಜೀವಿನಿಯಲ್ಲೋ ಕುಟುಂಬದ ವೈದ್ಯರಲ್ಲೋ ಸಮಾಲೋಚನೆ ಗೊತ್ತುಮಾಡಿ. ರಾತ್ರಿ ಕರೆದರೆ ಬರುವ ನೆರೆಯವರೊಬ್ಬರನ್ನು ಒಪ್ಪಿಸಿಡಿ. ಯಾವ ಆಸ್ಪತ್ರೆ, ಯಾರು ಜೊತೆ ಹೋಗುವುದು ಎಂಬುದನ್ನು ಇಂದೇ ತೀರ್ಮಾನಿಸಿ. ವಿಡಿಯೊ ಕರೆ ಮಾಡಿದಾಗ ಅಂಕಿ ಕೇಳುವ ಬದಲು ಎರಡು ನಿಮಿಷ ಮಾತಾಡಿಸಿ. ಒಂದು ವಾಕ್ಯ ಮುಗಿಸಲು ನಡುವೆ ಉಸಿರು ತೆಗೆದುಕೊಳ್ಳುತ್ತಿದ್ದಾರೆಯೇ, ಹೇಳಿದ್ದು ಅರ್ಥವಾಗುತ್ತಿದೆಯೇ ಎಂಬುದು ಆ ಮಾತಿನಲ್ಲೇ ತಿಳಿಯುತ್ತದೆ.

ಕೊನೆಗೆ ಮನೆಮಂದಿಯೆಲ್ಲ ನೆನಪಿಡಬೇಕಾದದ್ದು ಇಷ್ಟು: ವರದಿಯನ್ನು ಒಮ್ಮೆ ನೋಡಿ ಎತ್ತಿಡಿ, ಹತ್ತು ದಿನ ಅಪ್ಪ, ಅಮ್ಮನನ್ನು ನೋಡಿ. ಉಸಿರಿಗೆ ಒದ್ದಾಟ, ಎದೆನೋವು, ಎಬ್ಬಿಸಿದರೂ ಏಳದ ಮಂಪರು, ಹೊಸ ಗೊಂದಲ, ತುಟಿ ನೀಲಿಗಟ್ಟುವುದು, ಕೈಕಾಲು ಅಥವಾ ಮಾತು ಬೀಳುವುದು, ಆಮ್ಲಜನಕ 94ಕ್ಕಿಂತ ಕೆಳಗೆ ನಿಲ್ಲುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆಮಾಡಿ.