ಬೆಕ್ಕಿನ ಮಧುಮೇಹವೂ ಇನ್ಸುಲಿನ್ನಿನ ಅಳತೆಯೂ

ಅಕ್ಕೋಳವು ನಿಪ್ಪಾಣಿ ತಾಲೂಕಿನಲ್ಲಿ ವೇದಗಂಗೆಯ ಬಳಿಯಿರುವ ಊರು. ಸುತ್ತಲೂ ಕಬ್ಬು, ತಂಬಾಕು. ಕಬ್ಬಿನ ಸೀಮೆಯಲ್ಲಿ ಇರುವೆ ಮುತ್ತುವುದೊಂದು ಸೋಜಿಗವಲ್ಲವಾದುದರಿಂದ, ನಮ್ಮ ಪಡಸಾಲೆಯ ಮೂಲೆಯಲ್ಲಿ ಅವು ಸಾಲುಗಟ್ಟಿದಾಗ ಮೊದಮೊದಲು ನಾವು ಲಕ್ಷ್ಯ ಕೊಡಲಿಲ್ಲ. ಆದರೆ ಆ ಮೂಲೆಯಲ್ಲಿದ್ದುದು ಬೆಲ್ಲದ ಡಬ್ಬಿಯಲ್ಲ, ಬೆಕ್ಕಿಗೆಂದು ಬೂದಿ ತುಂಬಿಟ್ಟ ಹಳೆಯ ಬುಟ್ಟಿ! ಮೂತ್ರಕ್ಕೆ ಇರುವೆ ಮುತ್ತುವುದು ಮಧುಮೇಹದ ಗುರುತೆಂದು ನಮ್ಮ ಪ್ರಾಚೀನ ವೈದ್ಯರು ಬಲ್ಲವರಾಗಿದ್ದರು. ಆ ಮಾತನ್ನು ಪುಸ್ತಕದಲ್ಲಿ ಓದಿದ್ದ ನಮಗೆ ಅದು ಬೆಕ್ಕಿನ ಬುಟ್ಟಿಯ ಬಳಿ ನೆನಪಾಗಲು ಎರಡು ವಾರಗಳೇ ಬೇಕಾದವು.

ಬೆಕ್ಕಿನ ಹೆಸರು ಗುಂಡ್ಯಾ. ವಯಸ್ಸು ಹನ್ನೊಂದು, ಬೀಜ ತೆಗೆಸಿದ ಗಂಡು, ಆರೂವರೆ ಕಿಲೋ ತೂಗುತ್ತಿದ್ದ ಸೋಮಾರಿ. ಬೆಕ್ಕುಗಳಲ್ಲಿ ಮಧುಮೇಹಕ್ಕೆ ಹೆಚ್ಚಾಗಿ ತುತ್ತಾಗುವವು ಇಂಥವೇ ಎಂಬುದು ನಮಗೆ ಆಮೇಲೆ ತಿಳಿಯಿತು. ಕೆಲವು ತಿಂಗಳಿಂದ ಅವನು ಎಮ್ಮೆಯ ತೊಟ್ಟಿಗೆ ಬಾಯಿ ಹಚ್ಚಿ ನೀರು ಕುಡಿಯುತ್ತಿದ್ದನು. ತಿನ್ನುವುದು ಹೆಚ್ಚಿತು, ಮೈ ಇಳಿಯಿತು. ಅಟ್ಟಕ್ಕೆ ಹಾರುವುದನ್ನು ಬಿಟ್ಟನು. ಹಿಂಗಾಲುಗಳನ್ನು ಹಿಮ್ಮಡಿಯವರೆಗೆ ನೆಲಕ್ಕೂರಿ ನಡೆಯತೊಡಗಿದನು. ಏರಿದ ಸಕ್ಕರೆಯಿಂದ ನರಗಳು ದುರ್ಬಲವಾದಾಗ ಬೆಕ್ಕು ಹೀಗೆ ನಡೆಯುತ್ತದೆ. ನಿಪ್ಪಾಣಿಯ ಪಶುವೈದ್ಯರು ಪರೀಕ್ಷಿಸಿದಾಗ ಅವನ ತೂಕ ನಾಲ್ಕು ಕಿಲೋ ಎಂಟುನೂರು ಗ್ರಾಂ. ರಕ್ತದ ಸಕ್ಕರೆ ನೂರು ಮಿಲಿಲೀಟರಿಗೆ ೪೧೨ ಮಿಲಿಗ್ರಾಂ.

“ಬೆಕ್ಕಿಗೂ ಸಕ್ಕರಿ ಬ್ಯಾನಿ ಬರತೈತೇನು? ಅದೇನು ಪ್ಯಾಡೆ ತಿಂತಿತ್ತೇನು?” ಎಂದು ನಮ್ಮ ತಾಯಿಯವರು ಕೇಳಿದರು. ಪ್ರಶ್ನೆ ಸರಿಯಾದುದೇ. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯದು. ಸಿಹಿಯನ್ನು ಗುರುತಿಸುವ ಗ್ರಾಹಕವು ಎರಡು ಭಾಗಗಳಿಂದಾದುದು. ಅದರಲ್ಲಿ ಒಂದು ಭಾಗವನ್ನು ಕಟ್ಟಬೇಕಾದ ಜೀನು ಬೆಕ್ಕಿನ ಕುಲದಲ್ಲಿ ಎಂದೋ ಕೆಟ್ಟುಹೋಗಿದೆಯೆಂದು ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯವರು ೨೦೦೫ರಲ್ಲಿ ತೋರಿಸಿದರು. ಗುಂಡ್ಯಾ ಹಾಲು-ರೊಟ್ಟಿಗೆ ಮುಗಿಬೀಳುತ್ತಿದ್ದುದು ಹಾಲಿನ ಕೊಬ್ಬಿಗಾಗಿ. ರೊಟ್ಟಿಯ ಪಿಷ್ಟವು ಅದರೊಡನೆ ಸುಮ್ಮನೆ ಒಳಸೇರುತ್ತಿತ್ತು.

ಬೆಕ್ಕು ಹುಟ್ಟಾ ಮಾಂಸಾಹಾರಿ. ಊಟವಾದೊಡನೆ ರಕ್ತಕ್ಕೆ ನುಗ್ಗುವ ಸಕ್ಕರೆಯನ್ನು ನಮ್ಮ ಯಕೃತ್ತು ಗ್ಲೂಕೋಕೈನೇಸ್ ಎಂಬ ಕಿಣ್ವದ ನೆರವಿನಿಂದ ಬೇಗನೆ ಹಿಡಿದಿಡುತ್ತದೆ. ಬೆಕ್ಕಿನ ಯಕೃತ್ತಿನಲ್ಲಿ ಆ ಕಿಣ್ವದ ಕೆಲಸ ತೀರ ಕಡಿಮೆ. ಇಲಿ, ಹಕ್ಕಿಗಳನ್ನು ಹಿಡಿದು ತಿನ್ನುವ ಪ್ರಾಣಿಗೆ ಅದರ ಅಗತ್ಯವೂ ಇರಲಿಲ್ಲ. ಇದರ ಮೇಲೆ ಮೈ ಬೆಳೆದರೆ ಜೀವಕೋಶಗಳು ಇನ್ಸುಲಿನ್ನಿಗೆ ಓಗೊಡುವುದು ಕುಗ್ಗುತ್ತದೆ. ಮೇದೋಜೀರಕಾಂಗವು ಇನ್ನಷ್ಟು ಸ್ರವಿಸಿ ಬಳಲುತ್ತದೆ. ಅದರ ಕಣದ್ವೀಪಗಳಲ್ಲಿ ಅಮಿಲಾಯ್ಡ್ ಎಂಬ ಕಲ್ಮಷವೂ ಶೇಖರವಾಗುತ್ತದೆ. ಮನುಷ್ಯರ ಎರಡನೆಯ ಬಗೆಯ ಮಧುಮೇಹದಲ್ಲಿ ಕಾಣುವುದೂ ಇದನ್ನೇ. ನಾಯಿಯ ಮಧುಮೇಹವು ಬೇರೆ ಜಾತಿಯದು. ಈ ಒಂದು ವಿಷಯದಲ್ಲಿ ಮನುಷ್ಯನಿಗೆ ಹತ್ತಿರದ ನೆಂಟ ನಾಯಿಯಲ್ಲ, ಬೆಕ್ಕು.

ಆದರೂ ಇನ್ಸುಲಿನ್ನಿನ ಕಥೆ ನಾಯಿಯಿಂದಲೇ ಪ್ರಾರಂಭವಾಗುತ್ತದೆ. ೧೮೮೯ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮೆರಿಂಗ್ ಮತ್ತು ಮಿಂಕೋವ್‌ಸ್ಕಿ ಎಂಬವರು ನಾಯಿಯೊಂದರ ಮೇದೋಜೀರಕಾಂಗವನ್ನು ತೆಗೆದುಹಾಕಿ, ಅದಕ್ಕೆ ಮಧುಮೇಹ ಬಂದುದನ್ನು ಕಂಡರು. ೧೯೨೧ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಆ ಅಂಗದ ಸಾರವನ್ನು ಬೇರ್ಪಡಿಸಿ ನಾಯಿಗಳಿಗೆ ಚುಚ್ಚಿ ಸಕ್ಕರೆಯನ್ನು ಇಳಿಸಿದರು; ೧೯೨೨ರ ಜನವರಿಯಲ್ಲಿ ಅದು ಒಬ್ಬ ಹುಡುಗನಿಗೆ ಸಂದಿತು. ಫ್ರೆಡರಿಕ್ ಸ್ಯಾಂಗರ್ ಎಂಬ ರಸಾಯನಜ್ಞನು ದನದ ಇನ್ಸುಲಿನ್ನಿನ ೫೧ ಅಮೈನೋ ಆಮ್ಲಗಳ ಕ್ರಮವನ್ನು ಬಿಡಿಸಿ ತೋರಿಸಿ ೧೯೫೮ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಬೆಕ್ಕಿನ ಇನ್ಸುಲಿನ್ ದನದ್ದಕ್ಕಿಂತ ಒಂದೇ ಒಂದು ಅಮೈನೋ ಆಮ್ಲದಲ್ಲಿಯೂ, ಮನುಷ್ಯರದಕ್ಕಿಂತ ನಾಲ್ಕರಲ್ಲಿಯೂ ಭಿನ್ನವಾಗಿದೆ. ಆದುದರಿಂದ ಮನುಷ್ಯರ ಔಷಧವೂ ಬೆಕ್ಕಿನ ಮೈಯಲ್ಲಿ ಕೆಲಸ ಮಾಡುತ್ತದೆ. ಮೊದಲು ದನ, ಹಂದಿಗಳ ಅಂಗದಿಂದ ತೆಗೆಯುತ್ತಿದ್ದ ಈ ವಸ್ತುವನ್ನು ಇಂದು ಸೂಕ್ಷ್ಮಜೀವಿಗಳಿಂದ ಮಾಡಿಸುತ್ತಾರೆ. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಒಂದು ಬಗೆಯ ಯೀಸ್ಟಿನಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನು ೨೦೦೪ರಲ್ಲಿ ಪೇಟೆಗೆ ತಂದಿತು.

ರೋಗವನ್ನು ನಿಶ್ಚಯಿಸುವುದಕ್ಕೇ ನಮ್ಮ ವೈದ್ಯರು ಆತುರಪಡಲಿಲ್ಲ. ಹೆದರಿದ ಬೆಕ್ಕಿನಲ್ಲಿ ರಕ್ತದ ಸಕ್ಕರೆಯು ಕೇವಲ ಭಯದಿಂದಲೇ ೩೦೦ರ ಮೇಲೆ ಹೋಗಬಹುದು. ಚೀಲದಲ್ಲಿ ತುಂಬಿ ಮೋಟಾರು ಸೈಕಲ್ಲಿನ ಮೇಲೆ ತಂದ ಪ್ರಾಣಿಯ ರಕ್ತವು ಎಷ್ಟರಮಟ್ಟಿಗೆ ನಂಬತಕ್ಕದ್ದು? ಮನೆಯಲ್ಲಿ ಹಿಡಿದ ಮೂತ್ರದಲ್ಲಿ ಸಕ್ಕರೆಯಿದೆಯೆ ಎಂದು ಅವರು ನೋಡಿದರು. ಮನುಷ್ಯನಲ್ಲಿ ಸುಮಾರು ೧೮೦ ದಾಟಿದರೆ ಮೂತ್ರಪಿಂಡವು ಸಕ್ಕರೆಯನ್ನು ಹೊರಚೆಲ್ಲುತ್ತದೆ; ಬೆಕ್ಕಿನಲ್ಲಿ ಈ ಕಟ್ಟೆ ಇನ್ನೂ ಎತ್ತರ, ೨೫೦ರ ಆಸುಪಾಸು. ಹಿಂದಿನ ಒಂದೆರಡು ವಾರಗಳ ಸಕ್ಕರೆಯ ಲೆಕ್ಕವನ್ನು ಹೇಳುವ ಫ್ರಕ್ಟೋಸಮೀನ್ ಪರೀಕ್ಷೆಯನ್ನೂ ಮಾಡಿಸಿ, ಬಳಿಕ ಗ್ಲಾರ್ಜಿನ್ ಎಂಬ ದೀರ್ಘಕಾಲದ ಇನ್ಸುಲಿನ್ನನ್ನು ಬರೆದುಕೊಟ್ಟರು. ಬೆಳಿಗ್ಗೆ ಏಳಕ್ಕೆ ಒಂದು ಯೂನಿಟು, ಸಂಜೆ ಏಳಕ್ಕೆ ಒಂದು ಯೂನಿಟು. ಸೀಸೆಯೊಳಗೆ ಆಮ್ಲದಲ್ಲಿ ಕರಗಿ ತಿಳಿಯಾಗಿರುವ ಈ ಔಷಧವು ಚರ್ಮದ ಕೆಳಗೆ ಹೋದೊಡನೆ ಸಣ್ಣ ಸಣ್ಣ ಕಣಗಳಾಗಿ ಗರಣೆಗಟ್ಟಿ, ಅಲ್ಲಿಂದ ಮೆಲ್ಲಮೆಲ್ಲನೆ ರಕ್ತಕ್ಕೆ ಇಳಿಯುತ್ತದೆ. ಆದುದರಿಂದ ಇದನ್ನು ನೀರು ಬೆರೆಸಿ ತೆಳ್ಳಗೆ ಮಾಡಲಾಗದು, ಬೇರೆ ಇನ್ಸುಲಿನ್ನಿನೊಡನೆ ಕೂಡಿಸಲೂ ಆಗದು.

ಒಂದು ಯೂನಿಟು ಎಂದರೆ ಎಷ್ಟೆಂದು ವಾಚಕರು ಲೆಕ್ಕ ಹಾಕಿ ನೋಡಬೇಕು. ಈ ಸೀಸೆಯ ಒಂದು ಮಿಲಿಲೀಟರಿನಲ್ಲಿ ೧೦೦ ಯೂನಿಟುಗಳಿವೆ. ಒಂದು ಯೂನಿಟೆಂದರೆ ಮಿಲಿಲೀಟರಿನ ನೂರನೆಯ ಒಂದು ಪಾಲು. ಕಣ್ಣಿಗೆ ಹಾಕುವ ಔಷಧದ ಒಂದು ಹನಿ ಮಿಲಿಲೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು. ಅಂದರೆ ಒಂದು ಹನಿಯಲ್ಲಿ ಗುಂಡ್ಯಾನ ಐದು ಹೊತ್ತಿನ ಔಷಧವಿದೆ! ಇಂಥ ಅಳತೆಗಾಗಿ ಅರ್ಧ ಯೂನಿಟಿನ ಗೆರೆಗಳುಳ್ಳ ಸಣ್ಣ ಸಿರಿಂಜುಗಳಿವೆ. ಮೊದಲ ಸಲ ವೈದ್ಯರೇ ಅವನ್ನು ಕೊಟ್ಟರು.

ಚುಚ್ಚುವುದು ನಾವು ಹೆದರಿದಷ್ಟು ಕಷ್ಟವಾಗಲಿಲ್ಲ. ಬೆಕ್ಕು ಉಣ್ಣತೊಡಗಿದ ಮೇಲೆ ಪಕ್ಕೆಯ ಸಡಿಲು ಚರ್ಮವನ್ನು ಗುಡಾರದಂತೆ ಎತ್ತಿ, ಬುಡದಲ್ಲಿ ಸೂಜಿ ಇಳಿಸಬೇಕು. ದಿನಕ್ಕೊಂದು ಕಡೆ ಜಾಗ ಬದಲಿಸಬೇಕು. ಅದು ಉಣ್ಣದಿದ್ದರೆ, ವಾಂತಿ ಮಾಡಿದ್ದರೆ, ಎಂದಿನ ಪ್ರಮಾಣವನ್ನು ಕೊಡದೆ ವೈದ್ಯರನ್ನು ಕೇಳಬೇಕು. ಔಷಧ ಒಳಗೆ ಹೋಯಿತೋ ತುಪ್ಪಳದ ಮೇಲೆ ಚೆಲ್ಲಿತೋ ಎಂಬ ಸಂಶಯ ಬಂದರೆ ಎರಡನೆಯ ಸಲ ಚುಚ್ಚಲೇಬಾರದು. ಒಂದು ಹೊತ್ತು ಸಕ್ಕರೆ ಏರಿದರೆ ಬೆಕ್ಕು ಸಾಯುವುದಿಲ್ಲ. ತೀರ ಇಳಿದರೆ ಸಾಯಬಹುದು.

ಆಹಾರದ ವಿಷಯದಲ್ಲಿ ಮನೆಯಲ್ಲಿ ಸ್ವಲ್ಪ ವಾಗ್ವಾದವಾಯಿತು. ನಮ್ಮದು ಶಾಕಾಹಾರಿ ಮನೆ. ವೈದ್ಯರು ಪಿಷ್ಟವನ್ನು ಬಿಡಿಸಿ ಕೋಳಿ, ಮೀನು, ತತ್ತಿ ಹಾಕಿರೆಂದರು. ಕಡೆಗೆ ನೆರೆಯ ಮನೆಯವರು ತಮ್ಮ ಒಲೆಯಲ್ಲಿ ಬೇಯಿಸಿ ಗೋಡೆಯ ಮೇಲಿಂದ ಕೊಡುವುದೆಂದೂ, ಗುಂಡ್ಯಾ ಹಿತ್ತಲಲ್ಲಿ ಉಣ್ಣುವುದೆಂದೂ ಒಪ್ಪಂದವಾಯಿತು. ಪಿಷ್ಟ ಇಳಿದಂತೆ ಇನ್ಸುಲಿನ್ನಿನ ಅಗತ್ಯವೂ ಇಳಿಯುವುದರಿಂದ, ಈ ಬದಲಾವಣೆಯನ್ನು ವೈದ್ಯರಿಗೆ ತಿಳಿಸದೆ ಮಾಡುವುದು ಅಪಾಯಕರ.

ಪ್ರಮಾಣವನ್ನು ಗೊತ್ತುಪಡಿಸುವ ಕ್ರಮ ಹೀಗೆ. ಕಿವಿಯ ಅಂಚಿನಿಂದ ಒಂದು ತೊಟ್ಟು ರಕ್ತ ತೆಗೆದು, ಎರಡು ಗಂಟೆಗೊಮ್ಮೆ ಹನ್ನೆರಡು ಗಂಟೆಗಳವರೆಗೆ ಅಳೆಯಬೇಕು. ಪ್ರಮಾಣವನ್ನು ಎರಡು ಯೂನಿಟಿಗೆ ಏರಿಸಿದ ಒಂದು ವಾರದ ಮೇಲೆ ಗುಂಡ್ಯಾನ ಅಂಕಿಗಳು ಹೀಗಿದ್ದವು: ಬೆಳಿಗ್ಗೆ ಏಳಕ್ಕೆ ೨೮೬, ಒಂಬತ್ತಕ್ಕೆ ೨೩೧, ಹನ್ನೊಂದಕ್ಕೆ ೧೬೪, ಮಧ್ಯಾಹ್ನ ಒಂದಕ್ಕೆ ೧೧೨, ಮೂರಕ್ಕೆ ೧೨೮, ಐದಕ್ಕೆ ೧೯೦, ಏಳಕ್ಕೆ ೨೬೨. ಬೆಳಗಿನ ೨೮೬ನ್ನು ಕಂಡು ಔಷಧ ಸಾಲದೆಂದು ನಾವು ತೀರ್ಮಾನಿಸಿದ್ದೆವು. ವೈದ್ಯರು ಬೆರಳಿಟ್ಟುದು ೧೧೨ರ ಮೇಲೆ. ಬೆಕ್ಕಿನ ಪ್ರಮಾಣವನ್ನು ನಿರ್ಣಯಿಸುವುದು ಏರಿನ ತುದಿಯಲ್ಲ, ಇಳುಕಲಿನ ತಳ. ತಳವು ೮೦ರಿಂದ ೧೫೦ರ ನಡುವೆ ಬಂದಿದ್ದರೆ ಇನ್ನು ಏರಿಸತಕ್ಕದ್ದಲ್ಲ. ದಿನದಿನವೂ ಬದಲಿಸುವುದಂತೂ ಕೂಡದು. ಹೊಸ ಪ್ರಮಾಣವು ನೆಲೆಗೊಳ್ಳಲು ಕೆಲವು ದಿನ ಹಿಡಿಯುತ್ತದೆ.

ಅಳೆಯುವ ಯಂತ್ರದಲ್ಲಿಯೂ ಒಂದು ತೊಡಕುಂಟು. ಮನುಷ್ಯರ ರಕ್ತದಲ್ಲಿ ಸಕ್ಕರೆಯ ಶೇಕಡಾ ೪೨ರಷ್ಟು ಕೆಂಪು ಕಣಗಳೊಳಗಿರುತ್ತದೆ. ಬೆಕ್ಕಿನಲ್ಲಿ ಶೇಕಡಾ ೭ ಮಾತ್ರ, ಉಳಿದುದೆಲ್ಲ ದ್ರವಭಾಗದಲ್ಲಿ. ಮನುಷ್ಯರಿಗೆಂದು ಹೊಂದಿಸಿದ ಯಂತ್ರವು ಈ ಕಾರಣದಿಂದ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಇದ್ದುದಕ್ಕಿಂತ ಕಡಿಮೆ ತೋರಿಸುತ್ತದೆ. ಎಲ್ಲ ಸಲವೂ ಒಂದೇ ಯಂತ್ರವನ್ನು ಬಳಸಿದರೆ ಹೋಲಿಕೆಗೆ ಅಡ್ಡಿಯಿಲ್ಲ.

ಆ ವಾರದಲ್ಲಿಯೇ ಸಿರಿಂಜುಗಳು ಮುಗಿದವು. ಪೇಟೆಯ ಔಷಧದಂಗಡಿಯೊಂದರಲ್ಲಿ ಇನ್ಸುಲಿನ್ ಸಿರಿಂಜು ಕೇಳಿ ಒಂದು ಪೊಟ್ಟಣ ತಂದೆವು. ಸಂಜೆ ಏಳಕ್ಕೆ ಎರಡರ ಗೆರೆಯವರೆಗೆ ಔಷಧವೆಳೆದು ಚುಚ್ಚಿದೆವು. ರಾತ್ರಿ ಹನ್ನೆರಡೂವರೆಗೆ ವಿಕಾರವಾದ ಕೂಗು ಕೇಳಿ ಎದ್ದು ನೋಡಿದರೆ, ಗುಂಡ್ಯಾ ಕುಡಿದವನಂತೆ ತೂರಾಡುತ್ತ ಗೋಡೆಗೆ ಹಾಯುತ್ತಿದ್ದನು. ಯಂತ್ರವು ೩೮ ತೋರಿಸಿತು. ೬೦ರ ಕೆಳಗೆ ಇಳಿಯಿತೆಂದರೆ ಅಪಾಯ. ಮೆದುಳಿಗೆ ಸಕ್ಕರೆ ಸಾಲದೆ ನಡುಕ, ಸೆಳವು, ಕಡೆಗೆ ಎಚ್ಚರದಪ್ಪುವಿಕೆ. ತಾಯಿಯವರು ಕಾಕಂಬಿಯ ಗಡಿಗೆ ತಂದರು. ಆದರೆ ಕಾಕಂಬಿಯಲ್ಲಿರುವುದು ಬಹುಮಟ್ಟಿಗೆ ಕಬ್ಬಿನ ಸಕ್ಕರೆ. ಅದು ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗಬೇಕು, ಬೆಕ್ಕಿನ ಕರುಳಿಗೆ ಆ ಶಕ್ತಿ ಕಡಿಮೆ. ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಬೆರಳಿನಿಂದ ವಸಡಿಗೆ ಸವರಿದೆವು. ಸೆಳವು ಬಂದ ಪ್ರಾಣಿಯ ಗಂಟಲಿಗೆ ಏನನ್ನೂ ಹೊಯ್ಯಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ. ಪುಣ್ಯಕ್ಕೆ ಅವನು ನೆಕ್ಕಿ ನುಂಗುತ್ತಿದ್ದನು. ಇಪ್ಪತ್ತು ನಿಮಿಷಕ್ಕೆ ೫೨. ಇನ್ನೊಂದಿಷ್ಟು ಸವರಿದ ಮೇಲೆ ೭೧. ಒಂದು ತತ್ತಿ ತಿಂದನು. ಎರಡು ಗಂಟೆಗೆ ಮತ್ತೆ ೫೫. ಔಷಧವು ದೀರ್ಘಕಾಲದ್ದಾದುದರಿಂದ ಒಮ್ಮೆ ಏರಿಸಿ ಮಲಗುವಂತಿರಲಿಲ್ಲ.

ಕಾರಣ ಹೊಳೆದುದು ನಿಪ್ಪಾಣಿಯ ಕಾಲೇಜಿನಲ್ಲಿ ಓದುವ ನಮ್ಮ ಅಣ್ಣನ ಮಗಳಿಗೆ. “ಕಾಕಾ, ಈ ಸಿರಿಂಜಿನ ಟೊಪ್ಪಿಗಿ ಕೆಂಪೈತಿ. ಮೊದಲಿನವು ಕಿತ್ತಳಿ ಇದ್ದುವಲ್ಲ?” ಎಂದಳು. ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಸಾಂದ್ರತೆಗಳಲ್ಲಿ ಮಾರಾಟವಾಗುತ್ತದೆ: ಮಿಲಿಲೀಟರಿಗೆ ೪೦ ಯೂನಿಟಿನದು, ೧೦೦ ಯೂನಿಟಿನದು. ಕೆಂಪು ಟೋಪಿಯ ಸಿರಿಂಜಿನ ಗೆರೆಗಳು ೪೦ರ ಔಷಧಕ್ಕೆ ಹೊಂದಿಸಿದವು. ಅದರಲ್ಲಿ ಎರಡರ ಗೆರೆಯೆಂದರೆ ೪೦ರಲ್ಲಿ ೨ ಪಾಲು, ಅಂದರೆ ೦.೦೫ ಮಿಲಿಲೀಟರ್. ಅದಕ್ಕೆ ೧೦೦ರ ಔಷಧವನ್ನು ತುಂಬಿದರೆ ಐದು ಯೂನಿಟು! ಎರಡರ ಬದಲು ಐದನ್ನು ಚುಚ್ಚಿದ್ದೆವು. ತಿರುಗಾಮುರುಗಾ ತಪ್ಪಿದರೆ, ಅಂದರೆ ೧೦೦ರ ಸಿರಿಂಜಿನಲ್ಲಿ ೪೦ರ ಔಷಧವೆಳೆದರೆ, ಎರಡರ ಬದಲು ೦.೮ ಯೂನಿಟು ಮಾತ್ರ ಹೋಗಿ ರೋಗ ಹತೋಟಿ ತಪ್ಪುತ್ತದೆ. ಮನುಷ್ಯರ ವಿಷಯದಲ್ಲಿಯೂ ಈ ಪ್ರಮಾದ ಸಂಭವಿಸಬಹುದು. ಅಂಗಡಿಯವನನ್ನು ದೂರಿ ಕೈತೊಳೆದುಕೊಳ್ಳುವಂತಿಲ್ಲ. ಪೊಟ್ಟಣದ ಮೇಲೆ ೪೦ ಎಂದು ಅಚ್ಚಾಗಿತ್ತು, ಓದದವರು ನಾವು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಸಕ್ಕರೆ ೩೯೮ಕ್ಕೆ ನೆಗೆದಿತ್ತು. ಈಗ ಹೆಚ್ಚು ಔಷಧ ಬೇಕೆಂದು ಯಾರಿಗಾದರೂ ತೋರೀತು. ಸಕ್ಕರೆ ತೀರ ಇಳಿದಾಗ ದೇಹವು ಗ್ಲೂಕಗಾನ್, ಅಡ್ರಿನಲಿನ್ ಮೊದಲಾದ ರಸಗಳನ್ನು ಸುರಿಸಿ ಯಕೃತ್ತಿನ ದಾಸ್ತಾನನ್ನು ಬರಿದುಮಾಡುತ್ತದೆ. ಆ ಏರಿಕೆ ಇದರದು. ಇದನ್ನು ವಿವರಿಸಿದ ಮೈಕೇಲ್ ಸೊಮೋಜಿಯ ಹೆಸರಿನಿಂದಲೇ ಇದನ್ನು ಕರೆಯುವುದುಂಟು. ವೈದ್ಯರು ಆ ಬೆಳಗಿನ ಚುಚ್ಚುಮದ್ದನ್ನು ನಿಲ್ಲಿಸಿ, ಮುಂದೆ ಒಂದು ಯೂನಿಟಿಗೆ ಇಳಿಸಿದರು.

ಔಷಧವನ್ನು ಕಾಪಾಡುವುದು ಹಳ್ಳಿಯಲ್ಲಿ ಬೇರೊಂದು ಚಿಂತೆ. ತೆರೆಯದ ಸೀಸೆಗೆ ೨ರಿಂದ ೮ ಡಿಗ್ರಿ ಸೆಲ್ಸಿಯಸ್ ಬೇಕು, ಹೆಪ್ಪುಗಟ್ಟಿದರೆ ಕೆಟ್ಟಿತು. ಮಳೆಗಾಲದಲ್ಲಿ ವೇದಗಂಗೆ ತುಂಬಿ ಅಕ್ಕೋಳ-ಸಿದ್ನಾಳ ಸೇತುವೆ ಮುಳುಗುವ ದಿನಗಳಲ್ಲಿ ವಿದ್ಯುತ್ತೂ ಕೈಕೊಡುವುದುಂಟು. ತೆರೆದ ಸೀಸೆಯು ೩೦ ಡಿಗ್ರಿಯ ಒಳಗೆ ನಾಲ್ಕು ವಾರ ತಾಳುತ್ತದೆ. ಎರಡು ಮಣ್ಣಿನ ಮಡಕೆಗಳ ನಡುವೆ ಒದ್ದೆ ಮರಳು ತುಂಬಿ, ಒಳಗಿನದರಲ್ಲಿ ಸೀಸೆಯನ್ನಿಟ್ಟರೆ ನೀರು ಆವಿಯಾಗುತ್ತ ತಂಪು ಮಾಡುತ್ತದೆ. ಬೇಸಗೆಯ ಒಣ ಗಾಳಿಯಲ್ಲಿ ಈ ಉಪಾಯ ಚೆನ್ನಾಗಿ ನಡೆದೀತು, ಆಷಾಢದ ತೇವದಲ್ಲಿ ಅಷ್ಟಾಗಿ ನಡೆಯದು.

ಗುಳಿಗೆಯಲ್ಲಿ ತೀರುವುದಿಲ್ಲವೆ ಎಂದು ಹಲವರು ಕೇಳುತ್ತಾರೆ. ಸಕ್ಕರೆಯನ್ನು ಮೂತ್ರದಲ್ಲಿಯೇ ಹೊರಹಾಕಿಸುವ ಬೆಕ್ಸಾಗ್ಲಿಫ್ಲೋಜಿನ್ ಎಂಬ ಗುಳಿಗೆಗೆ ಅಮೇರಿಕದಲ್ಲಿ ೨೦೨೨ರಲ್ಲಿ ಬೆಕ್ಕುಗಳಿಗಾಗಿ ಒಪ್ಪಿಗೆ ದೊರೆಯಿತು. ಆದರೆ ಬೆಕ್ಕಿನ ಮೈಯಲ್ಲಿ ಸ್ವಂತ ಇನ್ಸುಲಿನ್ ಸ್ವಲ್ಪವಾದರೂ ಇರಬೇಕು. ಇಲ್ಲವಾದರೆ ರಕ್ತವು ಆಮ್ಲೀಯವಾಗಿ ಪ್ರಾಣಕ್ಕೆ ಬರುತ್ತದೆ. ಮೊದಲೇ ಇನ್ಸುಲಿನ್ ಪಡೆದ ಗುಂಡ್ಯಾನಂಥವರಿಗೆ ಅದು ಹೇಳಿದುದಲ್ಲ.

ಬೆಕ್ಕಿನ ಮಧುಮೇಹದಲ್ಲಿ ಒಂದು ವಿಶೇಷವಿದೆ. ಸಕ್ಕರೆಯನ್ನು ಬೇಗನೆ ಹತೋಟಿಗೆ ತಂದರೆ, ಬಳಲಿದ ಮೇದೋಜೀರಕಾಂಗವು ಕೆಲವು ಬೆಕ್ಕುಗಳಲ್ಲಿ ಚೇತರಿಸಿಕೊಂಡು ಇನ್ಸುಲಿನ್ನೇ ಬೇಡವಾಗುತ್ತದೆ. ದೀಪಾವಳಿಯ ಹೊತ್ತಿಗೆ ಗುಂಡ್ಯಾನ ತಳದ ಅಂಕಿ ೮೦ಕ್ಕಿಂತ ಕೆಳಗಿಳಿಯತೊಡಗಿತು. ವೈದ್ಯರು ಅರ್ಧ ಯೂನಿಟಿಗೆ ತಂದರು, ಬಳಿಕ ನಿಲ್ಲಿಸಿ ನೋಡೋಣವೆಂದರು. ಚುಚ್ಚುಮದ್ದಿಲ್ಲದೆ ನಾಲ್ಕು ವಾರ ಸಕ್ಕರೆ ಸಮವಾಗಿದ್ದರೆ ಉಪಶಮನವೆಂದು ಎಣಿಸುತ್ತಾರೆ. ಇಂದಿಗೆ ಹತ್ತೊಂಬತ್ತು ದಿನಗಳಾದವು. ಬೆಳಗಿನ ಅಂಕಿ ೧೧೮. ಕಿತ್ತಳೆ ಟೋಪಿಯ ಸಿರಿಂಜುಗಳು ಮಾಡದಲ್ಲಿಯೇ ಇವೆ. ಕೆಂಪಿನವನ್ನು ಅಣ್ಣನ ಮಗಳು ಆ ರಾತ್ರಿಯೇ ಮುರಿದು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು.